ಪ್ರಶ್ನಾರ್ಥಕ ಚಿಹ್ನೆ ಊಟಕ್ಕೆ ಬಂತು

"ಒಂದು ಫೋನಿನಿಂದ ಇನ್ನೊಂದು ಫೋನಿಗೆ ನಾಲ್ಕು ಹೆಸರು ದಾಟಿಸೋಕೆ ಮೊಬೈಲ್ ಅಂಗಡಿಯವನ ಕಾಲು ಹಿಡೀಬೇಕಾ? ನಾನಿಲ್ವಾ? ಕಣ್ಣಿನ ಪಾಪೆಯನ್ನೇ ಅಳೆಯೋ ಮನುಷ್ಯ ನಾನು!"

ಹೊಸ ಫೋನಿನ ಡಬ್ಬ ಬಿಚ್ಚುತ್ತಾ ಹೀಗೆ ಗುಡುಗಿದವನು ಕನ್ನಡಕಣ್ಣ. ಮುಖ್ಯರಸ್ತೆಯಲ್ಲಿ ಕನ್ನಡಕದ ಅಂಗಡಿ ಇಟ್ಟಿದ್ದ ಅವನನ್ನು ಗಿರಾಕಿಗಳು 'ಕನ್ನಡಕದ ಅಣ್ಣ' ಎಂದು ಕರೆದು ಕರೆದು, ಅವಸರಕ್ಕೆ ಸಿಕ್ಕಿ ಆ ಹೆಸರು ಕನ್ನಡಕಣ್ಣ ಆಗಿತ್ತು. ಹೆಸರಿನ ಕೊನೆಗೆ ಪುಕ್ಕಟೆಯಾಗಿ ಒಂದು ಕಣ್ಣು ಬಂದು ಕೂತದ್ದು ವ್ಯಾಪಾರಕ್ಕೆ ಒಳ್ಳೆಯದೇ ಎಂದು ಅವನೂ ಸುಮ್ಮನಿದ್ದ.

ಹೆಂಡತಿ ಆಸ್ಪತ್ರೆಯಲ್ಲಿ ನರ್ಸ್. ಡ್ಯೂಟಿ ಮುಗಿಸಿ ಬಂದು ಸೋಫಾದ ಮೇಲೆ ಕಾಲು ಚಾಚಿದ್ದಳು. "ಹಳೇ ಫೋನಲ್ಲಿರೋದನ್ನ ಅಳಿಸೋ ಮುಂಚೆ, ಹೊಸದರಲ್ಲಿ ಸರಿಯಾಗಿ ಬಂದಿದೆಯಾ ಅಂತ ಒಂದ್ಸಲ ನೋಡ್ರೀ" ಅಂದಳು.

"ನೋಡೋದೇ ನನ್ನ ಕಸುಬು ಕಣೇ!"

ನೋಡಲಿಲ್ಲ. ಹಳೇ ಫೋನಿನಲ್ಲಿ ಅದೇನೋ ಒತ್ತಿದ, ಹೆಸರುಗಳೆಲ್ಲ ಗಂಟುಮೂಟೆ ಕಟ್ಟಿಕೊಂಡು ಒಂದು ಫೈಲಿನೊಳಗೆ ಸೇರಿದವು. ಆ ಫೈಲು ಹೊಸ ಫೋನಿಗೆ ಬಂದಿಳಿದು 'ಟಿಂಗ್' ಎಂದಿತು. ಆ ಟಿಂಗ್ ಸದ್ದನ್ನೇ ವಿಜಯದ ಕಹಳೆ ಅಂದುಕೊಂಡು ಕನ್ನಡಕಣ್ಣ ಹಳೇ ಫೋನನ್ನು ಪೂರ್ತಿ ಒರೆಸಿ ಹಾಕಿದ. ಈಗ ಅದು ಹುಟ್ಟಿದ ಮಗುವಿನಷ್ಟು ನಿರ್ಮಲ. ತಂದೆ ಗೊತ್ತಿಲ್ಲ, ತಾಯಿ ಗೊತ್ತಿಲ್ಲ.

ಆಮೇಲೆ ಹೊಸ ಫೋನಿನ ಪಟ್ಟಿ ತೆರೆದ. ನಂಬರುಗಳೆಲ್ಲ ಬಂದಿದ್ದವು, ಒಂದೂ ತಪ್ಪಿರಲಿಲ್ಲ. ಆದರೆ ಹೆಸರಿನ ಜಾಗದಲ್ಲೆಲ್ಲ ಪ್ರಶ್ನಾರ್ಥಕ ಚಿಹ್ನೆ! ಕೆಲವರಿಗೆ ಮೂರು, ಕೆಲವರಿಗೆ ಆರು, ಯಾರೋ ಒಬ್ಬರಿಗಂತೂ ಸಾಲು ತುಂಬಿ ಕೆಳಗೂ ಇಳಿದಿತ್ತು. 'ಏನು ಮಹಾರಾಯ, ಇದೇನು?' ಎಂದು ಇಡೀ ಬಂಧುಬಳಗ ಒಟ್ಟಾಗಿ ಕೇಳುತ್ತಿರುವ ಹಾಗೆ!

ಕಾರಣ ಅವನ ಭಾಷಾಭಿಮಾನ. ಎಲ್ಲ ಹೆಸರನ್ನೂ ಅಚ್ಚ ಕನ್ನಡ ಲಿಪಿಯಲ್ಲಿ ಬರೆದಿಟ್ಟಿದ್ದ. ಆ ಫೈಲಿಗೆ ಕನ್ನಡ ಬರುತ್ತಿರಲಿಲ್ಲ. ಎಂದೋ ಅವಸರದಲ್ಲಿ ಇಂಗ್ಲಿಷಿನಲ್ಲಿ ಬರೆದುಕೊಂಡಿದ್ದ ಒಂದೇ ಒಂದು ಹೆಸರು ನೆಟ್ಟಗೆ ಉಳಿದಿತ್ತು: ಪ್ಲಂಬರ್. ಇಷ್ಟು ದೊಡ್ಡ ಪ್ರಪಂಚದಲ್ಲಿ ಈಗ ಕನ್ನಡಕಣ್ಣನಿಗೆ ತನ್ನವರು ಅಂತ ಇದ್ದವನು ಪ್ಲಂಬರ್ ಒಬ್ಬನೇ!

"ಹಳೇ ಅಕೌಂಟಿನಲ್ಲಿ ಎಲ್ಲ ಇರುತ್ತಲ್ರೀ, ಅದಕ್ಕೆ ಹೋಗಿ ನೋಡಿ" ಅಂದಳು ಹೆಂಡತಿ.

"ಅದರ ಪಾಸ್‌ವರ್ಡ್ ಯಾರಿಗೆ ನೆನಪಿದೆ? ಹೊಸ ಅಕೌಂಟೇ ಮಾಡ್ಕೊಂಡೆ."

"ಮರೆತಿದ್ದೀನಿ ಅಂತ ಒತ್ತಿದರೆ ಅದೇ ದಾರಿ ತೋರಿಸುತ್ತೆ."

"ಒಂದು ಯಂತ್ರದ ಮುಂದೆ ನಿಂತು 'ನಾನು ಮರೆತೆ' ಅಂತ ಒಪ್ಕೊಳ್ಳೋದಾ? ಬೇಕಾಗಿಲ್ಲ. ಒಬ್ಬೊಬ್ಬರಿಗೂ ಫೋನ್ ಮಾಡ್ತೀನಿ. ದನಿ ಕೇಳಿದ ತಕ್ಷಣ ಹೆಸರು ಬರೀತೀನಿ."

ಅದರಲ್ಲಿ ಒಂದು ತೊಡಕಿತ್ತು. ಕನ್ನಡಕಣ್ಣನಿಗೆ ಮನುಷ್ಯರು ಗುರುತು ಸಿಗುವುದು ಕಣ್ಣಿನಿಂದ. ಎಡಗಣ್ಣಿಗೆ ಮೈನಸ್ ಎರಡು ಇರುವ ಗಿರಾಕಿ ಸಂತೆಯಲ್ಲಿ ಸಿಕ್ಕರೂ ಹಿಡಿದುಬಿಡುವನು. ದನಿಯ ವಿಷಯಕ್ಕೆ ಬಂದರೆ ಎಲ್ಲ ಒಂದೇ ರಾಗ.

ಮೊದಲ ನಂಬರಿಗೆ ಫೋನ್ ಮಾಡಿ ಪ್ರಾಮಾಣಿಕವಾಗಿ ಕೇಳಿದ: "ತಪ್ಪು ತಿಳೀಬೇಡಿ, ತಾವು ಯಾರು?"

ಅತ್ತಲಿಂದ ಸಿಡಿಲು. "ನಾನು ಯಾರಾ? ನಿನ್ನ ದೊಡ್ಡಪ್ಪ ಕಣೋ! ಹೆಗಲ ಮೇಲೆ ಹೊತ್ತು ತಿರುಗಿಸಿದವನು! ಫೋನ್ ಮಾಡಿದ್ದೂ ನೀನೇ, ಯಾರು ಅಂತ ಕೇಳ್ತಿರೋದೂ ನೀನೇ! ಅಷ್ಟು ದೊಡ್ಡ ಮನುಷ್ಯ ಆದೆಯಾ?" ಫೋನು ಕುಕ್ಕಿದ ಸದ್ದಿಗೆ ಕಿವಿ ಗುಂಯ್ ಅಂದಿತು.

ಇನ್ನು 'ಯಾರು' ಎಂಬ ಎರಡಕ್ಷರವನ್ನು ಬಾಯಿಗೆ ತರಬಾರದು ಎಂದು ನಿರ್ಧರಿಸಿ, ಎರಡನೇ ನಂಬರಿಗೆ ಜೇನು ಸುರಿಸಿದ. "ಏನು ಸಮಾಚಾರ? ಮನೇಲೆಲ್ಲ ಕ್ಷೇಮವಾ? ಯಾಕೆ ಈಚೆಗೆ ಈ ಕಡೆ ಬರಲೇ ಇಲ್ಲ?"

"ಸಿಲಿಂಡರ್ ಬುಕ್ ಮಾಡಿದರೆ ಬರ್ತೀವಿ ಸಾರ್" ಅಂದಿತು ಗ್ಯಾಸ್ ಏಜೆನ್ಸಿ.

ವಾಟ್ಸ್ಆಪಿನಲ್ಲಿ ಫೋಟೋ ನೋಡೋಣವೆಂದರೆ, ಯಾರೂ ತಮ್ಮ ಮುಖ ಹಾಕಿರಲಿಲ್ಲ. ಒಬ್ಬರು ಸೂರ್ಯೋದಯ, ಒಬ್ಬರು ಗುಲಾಬಿ, ಒಬ್ಬರು ಮೊಮ್ಮಗು. ಸಾಲು ತುಂಬಿ ಕೆಳಗಿಳಿದಿದ್ದ ಆ ಉದ್ದ ಹೆಸರಿನವರಂತೂ ನಿದ್ದೆ ಮಾಡುತ್ತಿರುವ ಬೆಕ್ಕು!

"ಇಷ್ಟುದ್ದದ ಹೆಸರು ಯಾರದಿರಬಹುದು?" ಕನ್ನಡಕಣ್ಣನಿಗೆ ಕುತೂಹಲ ತಡೆಯಲಾಗಲಿಲ್ಲ.

"ಹೆಸರು, ಇನಿಷಿಯಲ್, ಡಿಗ್ರಿ ಎಲ್ಲ ಸೇರಿಸಿ ಬರೆದಿದ್ದೀರೇನೋ. ಯಾರೋ ದೊಡ್ಡ ಡಾಕ್ಟರ್ ಇರಬೇಕು" ಅಂದಳು ಹೆಂಡತಿ. ಅವಳ ತಲೆಗೂ ಈಗ ಹುಳ ಬಿಟ್ಟಂತಾಗಿತ್ತು.

ಮಾರನೇ ದಿನ ಬೆಳಿಗ್ಗೆ ಅಂಗಡಿಯ ಗಾಜು ಒರೆಸುತ್ತಿದ್ದಾಗ ಆ ಬೆಕ್ಕೇ ಫೋನ್ ಮಾಡಬೇಕೇ! ಪರದೆಯ ತುಂಬ ಪ್ರಶ್ನೆಗಳ ಮೆರವಣಿಗೆ. ಕನ್ನಡಕಣ್ಣ ಒರೆಸುವ ಬಟ್ಟೆ ಎಸೆದು, ಗಂಟಲು ಸರಿಮಾಡಿಕೊಂಡು ಎತ್ತಿದ.

"ನಮಸ್ಕಾರ ಸಾರ್! ಹೇಗಿದ್ದೀರಿ?" ಒಬ್ಬ ಗಂಡಸಿನ ತುಂಬು ದನಿ.

"ಓಹೋಹೋ! ನಮಸ್ಕಾರ! ನೀವು ಹೇಗಿದ್ದೀರಿ ಹೇಳಿ!"

"ಹೀಗೇ ಇದ್ದೀವಿ ಸಾರ್. ಈಗಲೂ ಅಲ್ಲೇ ಇದ್ದೀರಾ?"

"ಅಲ್ಲೇ, ಅಲ್ಲೇ! ನೀವು?"

"ನಾವೂ ಅಲ್ಲೇ!"

"ಒಳ್ಳೇದು. ಮನೆಯವರು?"

"ಚೆನ್ನಾಗಿದ್ದಾರೆ. ನಿಮ್ಮನೆಯವರು?"

"ಅವರೂ ಚೆನ್ನಾಗಿದ್ದಾರೆ. ನೋಡಿ, ಭೇಟಿ ಆಗಿ ಎಷ್ಟು ಕಾಲ ಆಯ್ತು! ಆವತ್ತು ಸಿಕ್ಕಿದ್ದು..."

"ಹೌದು ಸಾರ್, ಆವತ್ತೇ! ಆಮೇಲೆ ಎಲ್ಲಿ?"

ಇಷ್ಟು ಆತ್ಮೀಯವಾದ ಮಾತುಕತೆಯಲ್ಲಿ ಹಿಡಿಯಲು ಒಂದು ಎಳೆಯೂ ಸಿಗಲಿಲ್ಲ. ಬೆವರೊರೆಸಿಕೊಂಡ ಕನ್ನಡಕಣ್ಣ, ಫೋನಿಡುವುದಕ್ಕೆ ಎಲ್ಲರೂ ಹೇಳುವ ಮಾತನ್ನು ಹೇಳಿದ: "ಬನ್ನಿ ಒಂದ್ಸಲ ಮನೆ ಕಡೆ, ಊಟಕ್ಕೆ."

"ಈ ಭಾನುವಾರ ಬರಲಾ ಸಾರ್? ಮನೆಯವರನ್ನೂ ಕರ್ಕೊಂಡು ಬರ್ತೀನಿ. ಲೊಕೇಶನ್ ಕಳಿಸಿಬಿಡಿ!"

ಫೋನಿಟ್ಟ ಮೇಲೂ ಕನ್ನಡಕಣ್ಣನ ಬಾಯಿ ತೆರೆದೇ ಇತ್ತು.

ಸಂಜೆ ಮನೆಯಲ್ಲಿ ವಿಚಾರಣೆ ನಡೆಯಿತು.

"ಭಾನುವಾರ ಊಟಕ್ಕೆ ಬರ್ತಿದ್ದಾರೆ."

"ಯಾರು?"

"ಇಬ್ಬರು."

"ಎಷ್ಟು ಜನ ಅಂತ ಕೇಳಲಿಲ್ಲ. ಯಾರು ಅಂತ ಕೇಳಿದೆ."

"ಬಂದಾಗ ಗೊತ್ತಾಗುತ್ತೆ."

ಹೆಂಡತಿ ಎದ್ದು ಕೂತಳು. ರೋಗಿಯ ಹಾಸಿಗೆ ಪಕ್ಕ ನಿಂತಾಗ ಕೇಳುವ ದನಿಯಲ್ಲೇ ಶುರುಮಾಡಿದಳು. "ವಯಸ್ಸು ಎಷ್ಟಿರಬಹುದು?"

"ನಲವತ್ತರಿಂದ ಎಪ್ಪತ್ತರ ಒಳಗೆ."

"ಖಾರ ತಿಂತಾರಾ? ಸಕ್ಕರೆ ಕಾಯಿಲೆ ಇದೆಯಾ?"

"ದನಿಯಲ್ಲಿ ಗೊತ್ತಾಗಲಿಲ್ಲ."

"ಮತ್ತೆ ಏನು ಗೊತ್ತಾಯ್ತು ನಿಮಗೆ?"

"ಅವರು ಈಗಲೂ ಅಲ್ಲೇ ಇದ್ದಾರೆ."

"ಎಲ್ಲಿ?"

"ಅದೇ ಗೊತ್ತಾಗಲಿಲ್ಲ."

ಆದರೂ ಆ ವಾರವೆಲ್ಲ ಗಂಡಹೆಂಡತಿಗೆ ಬೇರೆ ಮಾತೇ ಇರಲಿಲ್ಲ. ಕಾಫಿ ಕುಡಿಯುವಾಗ ಆತ ಕನ್ನಡಕಣ್ಣನ ಶಾಲೆಯ ಗೆಳೆಯನಾಗಿದ್ದ. ಬಟ್ಟೆ ಮಡಿಸುವಾಗ ಹೆಂಡತಿಯ ದೂರದ ಚಿಕ್ಕಪ್ಪನಾಗಿದ್ದ. ದೀಪ ಆರಿಸುವ ಹೊತ್ತಿಗೆ ಎಲ್ಲೋ ರೈಲಿನಲ್ಲಿ ಎದುರು ಸೀಟಿನಲ್ಲಿ ಕೂತು ಬಂದ ಜಡ್ಜ್ ಸಾಹೇಬರಾಗಿದ್ದ. ಮೊದಲು ಬೈದ ಹೆಂಡತಿಯೇ ಶನಿವಾರದ ಹೊತ್ತಿಗೆ ಕಿಟಕಿಯ ಪರದೆ ಒಗೆದು, "ಯಾರಾದರೂ ಆಗಲಿ, ನೋಡೇಬಿಡೋಣ" ಎನ್ನುವಷ್ಟು ಮೆತ್ತಗಾದಳು.

ಭಾನುವಾರ ಕರೆಗಂಟೆ ಸದ್ದು ಮಾಡಿತು. ಬಾಗಿಲಿನ ಕಿಂಡಿಗೆ ಕನ್ನಡಕಣ್ಣ ಕಣ್ಣಿಟ್ಟ. "ಕನ್ನಡಕ ನೋಡಿದರೆ ಸಾಕು, ಹೇಳಿಬಿಡ್ತೀನಿ" ಎಂದು ಪಿಸುಗುಟ್ಟಿದ.

"ಹೇಳಿ ಮತ್ತೆ!"

"ಕನ್ನಡಕವೇ ಹಾಕಿಲ್ಲ ಕಣೇ!"

ಬಾಗಿಲು ತೆರೆಯಿತು. ಹೊರಗೆ ಐವತ್ತರ ಸುಮಾರಿನ ದಪ್ಪ ಮೀಸೆಯ ಗಂಡಸು, ಕೈಯಲ್ಲಿ ಹಣ್ಣಿನ ಬುಟ್ಟಿ ಹಿಡಿದ ಅವನ ಹೆಂಡತಿ. ಕನ್ನಡಕಣ್ಣ ಅವನನ್ನು ನೋಡಿದ. ಅವನು ಕನ್ನಡಕಣ್ಣನನ್ನು ನೋಡಿದ. ಒಂದು ಕ್ಷಣ ಇಬ್ಬರ ಮುಖದಲ್ಲೂ ಏನೂ ಇರಲಿಲ್ಲ. ಮರುಕ್ಷಣ ಇಬ್ಬರೂ ಒಟ್ಟಿಗೆ "ಓಹೋಹೋ!" ಎಂದು ಕೂಗಿ ತಬ್ಬಿಕೊಂಡರು.

"ಸ್ವಲ್ಪವೂ ಬದಲಾಗಿಲ್ಲ ನೀವು!" ಅಂದ ಕನ್ನಡಕಣ್ಣ.

"ನೀವೂ ಅಷ್ಟೇ ಸಾರ್, ಹಾಗೇ ಇದ್ದೀರಿ!" ಅಂದ ಮೀಸೆಯವನು.

ನೀರು ತರುವ ನೆಪದಲ್ಲಿ ಹೆಂಡತಿ ಗಂಡನನ್ನು ಅಡುಗೆಮನೆಗೆ ಎಳೆದುಕೊಂಡು ಹೋದಳು. "ಯಾರ್ರೀ?"

"ನಿನ್ನ ಕಡೆಯವರಲ್ವಾ?"

"ನನ್ನ ಕಡೆ ಇಂಥ ಮೀಸೆ ಇಲ್ಲವೇ ಇಲ್ಲ!"

ಊಟಕ್ಕೆ ಕೂತರು. ನೀವು ಏನು ಕೆಲಸ ಮಾಡುತ್ತೀರಿ, ಎಷ್ಟು ಮಕ್ಕಳು, ಯಾವ ಕಡೆಯವರು, ಇವು ಯಾವುದನ್ನೂ ಕೇಳುವಂತಿಲ್ಲ. ಎಲ್ಲ ಗೊತ್ತಿರಬೇಕಾದ ವಿಷಯಗಳು! ಹಾಗಾಗಿ ಸೆಕೆಯ ಬಗ್ಗೆ ಮಾತಾಡಿದರು. ಆಮೇಲೆ ಈಗಿನ ಕಾಲದ ಜನರ ಬಗ್ಗೆ. ವಿಚಿತ್ರವೆಂದರೆ ಮಾತು ಕುದುರುತ್ತಾ ಹೋಯಿತು. ಮೀಸೆಯವನು ಒಳ್ಳೆಯ ಮಾತುಗಾರ, ಕನ್ನಡಕಣ್ಣ ಒಳ್ಳೆಯ ನಗುಗಾರ. ಎರಡನೇ ಸಲ ಅನ್ನ ಬಡಿಸಿಕೊಳ್ಳುವ ಹೊತ್ತಿಗೆ, ನಮ್ಮಂಥ ತಾಳ್ಮೆಯ ಮನುಷ್ಯರು ಈಗ ಸಿಗುವುದೇ ಅಪರೂಪ ಎಂದು ಇಬ್ಬರೂ ಒಪ್ಪಿಕೊಂಡಿದ್ದರು. ಇಂಥ ಆಪ್ತನ ಹೆಸರು ಮರೆತೆನಲ್ಲ ಎಂದು ಕನ್ನಡಕಣ್ಣ ಒಳಗೊಳಗೇ ತನ್ನನ್ನು ಬೈದುಕೊಂಡ.

ತಟ್ಟೆಗಳನ್ನು ಎತ್ತಿಕೊಂಡು ಹೆಂಗಸರಿಬ್ಬರೂ ಒಳಗೆ ಹೋದರು. ಬಂದಾಕೆ ನಲ್ಲಿಯ ಕೆಳಗೆ ಕೈಯೊಡ್ಡಿ, ಹಿಂದೆ ಮುಂದೆ ನೋಡಿ, ಮೆಲ್ಲಗೆ ಬಾಯಿಬಿಟ್ಟಳು. "ಅಕ್ಕಾ, ಬೈಬೇಡಿ. ಊಟ ತುಂಬಾ ಚೆನ್ನಾಗಿತ್ತು. ಆದರೆ... ನೀವು ಯಾರು?"

"ಏನಂದ್ರಿ?"

"ನಮ್ಮೆಜಮಾನ್ರು ಫೋನನ್ನ ನೀರಿನ ಬಕೆಟ್ಟಿಗೆ ಬೀಳಿಸಿಬಿಟ್ಟರು. ಹೊಸ ಫೋನಿಗೆ ಸಿಮ್‌ನಿಂದ ನಂಬರುಗಳೇನೋ ಬಂದ್ವು, ಹೆಸರು ಬರಲಿಲ್ಲ. ಒಬ್ಬೊಬ್ಬರಿಗೇ ಫೋನ್ ಮಾಡಿ ಪತ್ತೆ ಹಚ್ಚುತ್ತಾ ಇದ್ದರು. ನೀವು ಅಷ್ಟು ಪ್ರೀತಿಯಿಂದ ಊಟಕ್ಕೆ ಕರೆದ ಮೇಲೆ ಕೇಳೋಕೆ ನಾಚಿಕೆ ಆಯ್ತಂತೆ."

ಅಡುಗೆಮನೆಯಿಂದ ಹೊರಟ ನಗು ಕೇಳಿ ಗಂಡಸರಿಬ್ಬರೂ ಬೆಚ್ಚಿಬಿದ್ದರು. ಪಾತ್ರೆ ಬಿದ್ದಿತೋ ಮನುಷ್ಯರು ಬಿದ್ದರೋ ತಿಳಿಯದಂಥ ನಗು!

ನಗು ನಿಂತ ಮೇಲೆ ಹೆಂಡತಿ ಹೊರಗೆ ಬಂದು ಗಂಡನ ಮುಂದೆ ಕೈಯೊಡ್ಡಿದಳು. "ಫೋನ್ ಕೊಡಿ." ಬಂದಾಕೆ ಮೀಸೆಯವನ ಮುಂದೆ ಕೈಯೊಡ್ಡಿದಳು. "ನಿಮ್ಮದೂ ಕೊಡಿ." ಕೊಟ್ಟರು. ಹೆಂಗಸರ ಮುಖ ನೋಡಿದರೆ, ಕೊಡುವುದಿಲ್ಲ ಅನ್ನುವ ಪರಿಸ್ಥಿತಿ ಇರಲಿಲ್ಲ.

ಹೆಂಡತಿ ಹಳೇ ಅಕೌಂಟಿಗೆ ಹೋಗಿ, ಯಂತ್ರದ ಮುಂದೆ ಯಾವ ಸಂಕೋಚವೂ ಇಲ್ಲದೆ 'ಮರೆತಿದ್ದೇನೆ' ಎಂದು ಒತ್ತಿದಳು. ಯಂತ್ರ ಬೇಜಾರೇನೂ ಮಾಡಿಕೊಳ್ಳಲಿಲ್ಲ. ಅದೇ ನಂಬರಿಗೆ ಒಂದು ಕೋಡ್ ಕಳಿಸಿತು. ಬಂದಾಕೆಯೂ ಪಕ್ಕದಲ್ಲಿ ಕೂತು ಹಾಗೇ ಒತ್ತಿದಳು. ಕಾಫಿ ಆರುವುದರೊಳಗೆ ಎರಡೂ ಫೋನುಗಳಿಗೆ ಹೆಸರುಗಳು ದಬದಬನೆ ಬಂದಿಳಿದವು.

"ಈಗ ಸರಿಹೋಯ್ತು. ನೀವಿಬ್ಬರೂ ಯಾರು ಅಂತ ನಿಮ್ಮಿಬ್ಬರಿಗೂ ಗೊತ್ತಿಲ್ಲ. ಫೋನಿಗೆ ಗೊತ್ತಿದೆ. ಅದನ್ನೇ ಕೇಳೋಣ" ಎಂದು ಹೆಂಡತಿ ಫೋನನ್ನು ಮೇಜಿನ ನಡುವೆ ಇಟ್ಟಳು.

ಮೀಸೆಯವನ ಮುಖ ಕೆಂಪಾಯಿತು. "ನಿಮಗೂ ಗೊತ್ತಿರಲಿಲ್ವಾ ಸಾರ್?"

"ನಿಮಗೂ?" ಕನ್ನಡಕಣ್ಣನಿಗೆ ಎದೆಯ ಮೇಲಿನ ಕಲ್ಲು ಇಳಿಸಿದ ಹಾಗಾಯಿತು. ಇಬ್ಬರೂ ತೊಡೆ ತಟ್ಟಿಕೊಂಡು ನಕ್ಕರು. ಮೀಸೆಯವನು ಉತ್ಸಾಹದಿಂದ ಕನ್ನಡಕಣ್ಣನ ನಂಬರ್ ಒತ್ತಿದ. ಮೇಜಿನ ಮೇಲಿನ ಫೋನು ಗುರ್ ಅಂದಿತು. ನಾಲ್ಕು ತಲೆಗಳು ಬಗ್ಗಿದವು. ಪರದೆಯ ಮೇಲೆ, ಅಚ್ಚ ಕನ್ನಡದಲ್ಲಿ, ಸಾಲು ತುಂಬಿ ಕೆಳಗಿಳಿದು:

ಕಾರು ಗೀಚಿ ನನ್ನ ಮೇಲೇ ಕೂಗಾಡಿದ ಕತ್ತೆ.

ಫೋನು ಗುರ್ ಗುರ್ ಅನ್ನುತ್ತಲೇ ಇತ್ತು.

ಕನ್ನಡಕಣ್ಣನಿಗೆ ಒಮ್ಮೆಲೇ ನೆನಪಾಯಿತು. ಹಿಂದಿನ ವರ್ಷ, ಬಟ್ಟೆ ಅಂಗಡಿಯ ನೆಲಮಾಳಿಗೆಯ ಪಾರ್ಕಿಂಗ್. ಎರಡು ಕಾರು, ಅರೆಗತ್ತಲು, ಅರಚಾಟ. ನಂಬರ್ ಕೊಡು, ನೋಡ್ಕೋತೀನಿ! ನೀನೇ ಕೊಡು, ನಾನು ನೋಡ್ಕೋತೀನಿ! ಆಮೇಲೆ ಇಬ್ಬರೂ ನೋಡಿಕೊಂಡಿರಲಿಲ್ಲ. ಆವತ್ತು ಎದುರಿನವನಲ್ಲಿ ಅವನಿಗೆ ಕಂಡದ್ದು ಅಗಲಕ್ಕೆ ತೆರೆದ ಬಾಯಿ ಒಂದೇ. ಅನ್ನ ಬಡಿಸಿಕೊಂಡು ನಗುವ ಬಾಯಿಯನ್ನು ನೋಡಿ ಅದೇ ಇದು ಎಂದು ಯಾರು ತಾನೇ ಹೇಳುತ್ತಾರೆ?

ಬಂದಾಕೆ ಮೊದಲು ಕಿಸಕ್ಕನೆ ನಕ್ಕಳು. "ಗೀಚಿದ್ರಾ? ಅಕ್ಕಾ, ಇವರು ಡ್ರೈವಿಂಗ್ ಸ್ಕೂಲ್ ನಡೆಸ್ತಾರೆ! ಊರಿನವರಿಗೆಲ್ಲ ರಿವರ್ಸ್ ಹೇಳಿಕೊಡೋರು ಇವರೇ!"

ಮೀಸೆಯವನ ಮೀಸೆ ಇಳಿಬಿತ್ತು. ಆದರೆ ಸೋಲುವ ಆಸಾಮಿಯಲ್ಲ. ತನ್ನ ಫೋನನ್ನು ಮೇಜಿನ ಮೇಲೆ ತಳ್ಳಿ, "ಈಗ ನೀವು ಮಾಡಿ ಸಾರ್" ಅಂದ.

ಕನ್ನಡಕಣ್ಣ ಅವನ ನಂಬರ್ ಒತ್ತಿದ. ಆ ಫೋನೂ ಬೆಳಗಿತು. ಅಲ್ಲೂ ಅಚ್ಚ ಕನ್ನಡ. ಅಲ್ಲಿ ಹೆಸರು ಚಿಕ್ಕದಾಗಿತ್ತು:

ಕಣ್ಣು ಕಾಣದ ಕೋಣ.

ಕನ್ನಡಕಣ್ಣನ ಹೆಂಡತಿ ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ತುಟಿ ಕಚ್ಚಿದಳು. ಕಣ್ಣಲ್ಲಿ ನೀರು ತುಂಬಿತು.

"ಬೇಜಾರು ಮಾಡ್ಕೋಬೇಡಿ ಸಾರ್, ಆವತ್ತಿನ ಸಿಟ್ಟಿನಲ್ಲಿ ಬರೆದದ್ದು. ಈಗಲೇ ಹೆಸರು ಬದಲಾಯಿಸ್ತೀನಿ" ಎಂದು ಮೀಸೆಯವನು ಮನಸಾರೆ ನೊಂದುಕೊಂಡು ಫೋನೆತ್ತಿಕೊಂಡ. "ಹೆಸರಿನ ಜೊತೆ ಕೆಲಸವನ್ನೂ ಬರೆದುಕೊಂಡರೆ ಮುಂದೆ ಮರೆಯೋದಿಲ್ಲ. ಅಂದ ಹಾಗೆ, ನೀವು ಏನು ಕೆಲಸ ಮಾಡ್ತೀರಿ ಸಾರ್?"

ಕನ್ನಡಕಣ್ಣ ಫ್ಯಾನು ನೋಡಿದ. ಹಣ್ಣಿನ ಬುಟ್ಟಿ ನೋಡಿದ. ಹೆಂಡತಿಯ ಮುಖ ನೋಡುವ ಧೈರ್ಯ ಬರಲಿಲ್ಲ.

"ಸಣ್ಣದೊಂದು ವ್ಯಾಪಾರ" ಅಂದ.

"ಏನು ವ್ಯಾಪಾರ ಅಂತ ಬಾಯಿಬಿಟ್ಟು ಹೇಳ್ರೀ!" ಅಂದಳು ಹೆಂಡತಿ.