ಕಂಪ್ಯೂಟರಿನಲ್ಲಿ ನೀರು

ಪ್ರಿಂಟರಿನ ರಿಬ್ಬನ್ ಮುಗಿದದ್ದೇ ಎಲ್ಲಕ್ಕೂ ಮೂಲ. ಅದೊಂದು ಮುಗಿಯದೆ ಇದ್ದಿದ್ದರೆ ಗೋರಖನಾಥ ಆವತ್ತು ಸಂಜೆಯ ಬಸ್ಸು ಹಿಡಿದು ಭಾಲ್ಕಿಗೆ ಹೋಗಿ ಹೆಂಡತಿಯ ಕೈಯ ಬಿಸಿ ರೊಟ್ಟಿ ತಿನ್ನುತ್ತಿದ್ದ, ನನಗೂ ಈ ಕತೆ ಹೇಳುವ ಉಸಾಬರಿ ಇರುತ್ತಿರಲಿಲ್ಲ.

ಗೋರಖನಾಥ ಔರಾದದ ಒಂದು ಸರ್ಕಾರಿ ಕಚೇರಿಯ ಗುಮಾಸ್ತ. ಯಾವ ಕಚೇರಿ ಎಂದು ಹೇಳುವುದಿಲ್ಲ; ಹೇಳಿದರೆ ನಾಳೆ ಅಲ್ಲಿ ನನ್ನ ಕೆಲಸ ಆಗುವುದಿಲ್ಲ. ಮಳೆ ಬೆನ್ನುಬೆನ್ನಿಗೆ ಕೈಕೊಟ್ಟ 2003ರ ಬೇಸಿಗೆ ಅದು. ಹಳ್ಳಿಗಳಲ್ಲಿ ಅರ್ಧಕ್ಕರ್ಧ ಮನೆಗಳಿಗೆ ಬೀಗ ಬಿದ್ದಿತ್ತು. ಮಂದಿ ಗಂಟು ಕಟ್ಟಿಕೊಂಡು ಹೈದರಾಬಾದಿಗೋ ಪುಣೆಗೋ ಕಟ್ಟಡದ ಕೆಲಸಕ್ಕೆ ಹೊರಟಿದ್ದರು. ಕಚೇರಿಗೆ ಬರುವವರ ಬಾಯಲ್ಲೆಲ್ಲ ಒಂದೇ ಮಾತು, ನೀರು.

ಹಿಂದಿನ ವರ್ಷ ಆ ಕಚೇರಿಗೆ ಎರಡು ಕಂಪ್ಯೂಟರ್ ಬಂದಿದ್ದವು, ಸಾಹೇಬರಿಗೊಂದು, ಗುಮಾಸ್ತನಿಗೊಂದು. ಎರಡಕ್ಕೂ ಕುಂಕುಮ ಹಚ್ಚಿ, ಊದಿನಕಡ್ಡಿ ಬೆಳಗಿ, ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬರುವ ಪದ್ಧತಿ ಮಾಡಿದ್ದರು. ಅವನ್ನು ನಡೆಸುವುದನ್ನು ಕಲಿಯಲು ಗೋರಖನಾಥನನ್ನು ಬೀದರಿಗೆ ಕಳಿಸಿದ್ದರು. ಅಲ್ಲಿ ಹೇಳಿಕೊಟ್ಟದ್ದರಲ್ಲಿ ಅವನಿಗೆ ಪೂರ್ತಿ ತಲೆಗೆ ಹತ್ತಿದ್ದು ಒಂದೇ, ಅವುಗಳೊಳಗಿದ್ದ ಬಾಂಬಿನ ಆಟ. ಪರದೆಯ ತುಂಬ ಬೂದುಬಣ್ಣದ ಚೌಕಗಳು. ಕೆಲವದರ ಕೆಳಗೆ ಬಾಂಬು. ಒಂದು ಚೌಕ ಒತ್ತಿದರೆ ಸುತ್ತ ಎಷ್ಟು ಬಾಂಬು ಇವೆ ಎಂದು ಅಂಕಿ ಮೂಡುತ್ತದೆ. ಲೆಕ್ಕ ಹಾಕಿ ಬಾಂಬು ಇರುವ ಕಡೆ ಕೆಂಪು ಬಾವುಟ ನೆಡಬೇಕು. ತಪ್ಪಿ ಬಾಂಬನ್ನೇ ಒತ್ತಿದರೆ ಆಟ ಅಲ್ಲಿಗೇ ಖತಂ. ಚಿಕ್ಕ ಆಟ, ನಡುವಿನ ಆಟ ಎರಡನ್ನೂ ಅವನು ಗೆದ್ದಿದ್ದ. ದೊಡ್ಡ ಆಟ ಮಾತ್ರ ವರ್ಷವಿಡೀ ಅವನನ್ನು ಅಳಿಸಿತ್ತು. ಒಮ್ಮೆಯಂತೂ ಕೊನೆಯ ಚೌಕದಲ್ಲಿ ಸೋತು ಎರಡು ಹೊತ್ತು ಊಟ ಬಿಟ್ಟಿದ್ದ.

ಆದರೆ ಆವತ್ತು ಅವನ ಮನಸ್ಸು ಆಟದಲ್ಲಿರಲಿಲ್ಲ, ಬದಲಿಯಲ್ಲಿತ್ತು. ಹೆಂಡತಿ ಜಿಜಾಬಾಯಿ ಮಗಳೊಂದಿಗೆ ಭಾಲ್ಕಿಯಲ್ಲಿ, ಇವನು ಔರಾದದ ಬಾಡಿಗೆ ಕೋಣೆಯಲ್ಲಿ. ವಾರಕ್ಕೊಮ್ಮೆ, ಭಾನುವಾರ, ಮನೆಗೆ ಹೋದರೆ ಮೂರು ವರ್ಷದ ಮಗಳು, "ಅವ್ವಾ, ಐತವಾರದಾಂವ ಬಂದಾನ" ಎಂದು ಒಳಗೆ ಓಡುತ್ತಿದ್ದಳು. ಆ ಮಾತು ಅವನ ಎದೆಗೆ ಮುಳ್ಳಿನಂತೆ ನಾಟಿತ್ತು. ಅಲೆದು, ಕಾಡಿ, ಬೇಡಿ ಭಾಲ್ಕಿಗೆ ಬದಲಿ ಮಂಜೂರಾಗಿತ್ತು. ಇನ್ನು ಸಾಹೇಬರು ಬಿಡುಗಡೆಯ ಕಾಗದಕ್ಕೆ ಸಹಿ ಹಾಕಿದರೆ ಮುಗಿಯಿತು.

ನಾರಾಯಣರಾವ ಸಾಹೇಬರು ಬೆಳಿಗ್ಗೆ ಅವನನ್ನು ಕರೆದು ಹೇಳಿದ್ದರು: "ಸಂಜಿಗಿ ಸಹಿ ಮಾಡ್ತೇನಿ. ಖರೇ, ಇವತ್ತ ನಿಮ್ಮ ಮ್ಯಾಲ ಒಂದ ತಕರಾರು ಬರಬಾರದು ನೋಡ್ರಿ. ಬರಗಾಲದ ಟೈಮದ, ಮಂದಿ ತಲಿ ಬಿಸಿ ಅದ."

"ಒಂದೂ ಬರಂಗಿಲ್ರಿ ಸಾಹೇಬ್ರ" ಎಂದು ಗೋರಖನಾಥ ಹೊರಗೆ ಬಂದ. ಬಂದು ನೋಡಿದರೆ ರಿಬ್ಬನ್ ಮುಗಿದಿದೆ. ಕಾಗದ ಬರುವುದಿಲ್ಲ, ಕೆಲಸವಿಲ್ಲ. ಸಂಜೆಯವರೆಗೆ ಸುಮ್ಮನೆ ಕೂತರೆ ಜೀವ ಹೋಗುತ್ತದೆ. ಒಂದೇ ಒಂದು ಆಟ ಎಂದು ಶುರು ಮಾಡಿದ.

ದೇವರು ಕೊಡುವಾಗ ವೇಳೆ ನೋಡುವುದಿಲ್ಲ. ವರ್ಷವಿಡೀ ಕೈಗೆ ಸಿಗದ ದೊಡ್ಡ ಆಟ ಆವತ್ತು ಎತ್ತು ತಾನಾಗಿ ಕೊಟ್ಟಿಗೆಗೆ ಬಂದಂತೆ ಬಂತು. ಕೊನೆಯ ಚೌಕ ತೆರೆಯಿತು, ಪರದೆಯ ಮೇಲ್ತುದಿಯ ಹಳದಿ ಮುಖ, ಗೆದ್ದವರಿಗೆ ಮಾತ್ರ ಹಾಕಿ ತೋರಿಸುವ ಕಪ್ಪು ಕನ್ನಡಕ ಹಾಕಿಕೊಂಡು ನಕ್ಕಿತು. ಗೋರಖನಾಥ ಮೇಜು ಕುಟ್ಟಿ ಎದ್ದು ನಿಂತು ಎರಡೂ ಕೈ ಮೇಲೆತ್ತಿದ.

ಕಿಟಕಿಯ ಆಚೆ ಶಾಲುಬಾಯಿ ನಿಂತಿದ್ದಳು. ಜೋಗನವಾಡಿಯ ಮುದುಕಿ, ನೀರಿನ ಟ್ಯಾಂಕರ್ ಕೇಳಲು ದಿನಾ ಬರುವವಳು; ಪೆನ್ನು ಹಿಡಿದವರೆಲ್ಲ ಅವಳಿಗೆ ಮಾಸ್ತರರೇ. ಸರಳಿಗೆ ಮೂಗು ಒತ್ತಿ ಪರದೆ ನೋಡುತ್ತಿದ್ದಳು.

"ಮಾಸ್ತರ, ಏನ ಮಾಡ್ಲತ್ತೀರಿ?"

ಆಟ ಎಂದರೆ ಆಯಿತು, ತಕರಾರು ನೇರ ಸಾಹೇಬರ ಮೇಜಿಗೆ. ಟ್ಯಾಂಕರಿಗೆ ಮಂದಿ ಸಾಯುತ್ತಿರುವಾಗ ಗುಮಾಸ್ತ ಆಟ ಆಡುತ್ತಾನೆ! ಗೋರಖನಾಥ ಗಡಬಡಿಸಿ ಎತ್ತಿದ ಕೈ ಇಳಿಸಿ, "ಸರ್ಕಾರಿ ಕೆಲಸ ಯವ್ವಾ. ನೀರಿಂದೇ" ಎಂದುಬಿಟ್ಟ.

ಶಾಲುಬಾಯಿಯ ಕಣ್ಣು ಅಗಲವಾಯಿತು. ಅವಳ ಊರಿನಲ್ಲಿ ಬೋರ್‌ವೆಲ್ ಕೊರೆಯಲು ಬಂದ ಇಂಜಿನಿಯರ್ ನೆಲ ಪರೀಕ್ಷೆ ಮಾಡಿ ಕೆಂಪು ಬಾವುಟ ನೆಟ್ಟು ಹೋಗಿದ್ದ. ಇಲ್ಲಿ ನೋಡಿದರೆ ಪರದೆಯ ತುಂಬ ಕೆಂಪು ಬಾವುಟ, ನಡುನಡುವೆ ನೀಲಿ ಅಂಕಿ. ನೀಲಿ ಎಂದರೆ ನೀರಲ್ಲದೆ ಮತ್ತೇನು? ಅವಳು ಕೈಮುಗಿದು, ಬಂದ ಕೆಲಸ ಬಿಟ್ಟು ಹೊರಟಳು. ಗೋರಖನಾಥ ಪೀಡೆ ಕಳೆಯಿತು ಎಂದುಕೊಂಡ.

ಕಳೆಯುತ್ತಿತ್ತು, ಜವಾನ ಫಕ್ರೋದ್ದೀನ ಚಹಾದಂಗಡಿಯಲ್ಲಿ ಇರದಿದ್ದರೆ. ಶಾಲುಬಾಯಿ ಅಲ್ಲಿ, "ನಿಮ್ಮ ಮಾಸ್ತರ ಮಿಷಿನದಾಗ ನೀರ ಹುಡಕ್ಯಾರಲ್ಲ?" ಎಂದಳು. ಗೊತ್ತಿಲ್ಲ ಎಂಬ ಮಾತು ಫಕ್ರೋದ್ದೀನನ ಬಾಯಿಂದ ಹುಟ್ಟಿದಂದಿನಿಂದ ಬಂದಿರಲಿಲ್ಲ. "ಹುಡಕ್ಯಾರ ಅಂದ್ರ? ಮ್ಯಾಲ ಆಕಾಶದಿಂದ ಫೋಟೋ ಬರ್ತದವ್ವಾ. ಭೂಮಿ ಹೊಟ್ಯಾಗಿಂದು ಸಬ್ ಕಾಣ್ತದ. ಮಾಸ್ತರ ವರ್ಷಾತು, ಅದೇ ನೋಡ್ಲತ್ತಾರ" ಎಂದ.

ಮಧ್ಯಾಹ್ನದ ಊಟದ ಡಬ್ಬಿ ಬಿಚ್ಚುವ ಹೊತ್ತಿಗೆ ಜೋಗನವಾಡಿಯ ಜೀಪು ಕಚೇರಿಯ ಮುಂದೆ ನಿಂತಿತು. ಒಳಗೊಂದಿಷ್ಟು ಮಂದಿ, ಮೇಲೊಂದಿಷ್ಟು ಮಂದಿ, ಮುಂದೆ ಶಾಲುಬಾಯಿ.

"ನಮ್ಮೂರಿಗಿ ಬರ್ರಿ. ಬೋರಿನ ಗಾಡಿ ಬಂದ ನಿಂತದ. ಎಲ್ಲಿ ಕೊರೀಬೇಕು ಅಂತ ಜಗಳ ಬಿದ್ದದ. ನೀವ ತೋರಸ್ರಿ."

"ನಾ ಹ್ಯಾಂಗ ತೋರಸ್ಲಿ?"

"ಇಲ್ಲ ಅನಬ್ಯಾಡ್ರಿ ಮಾಸ್ತರ. ಹೈದರಾಬಾದಿಗಿ ಹೋಗೋ ಲಾರಿ ಹುಣಸಿಗಿಡದ ಬುಡಕ ನಿಂತದ. ನನ್ನ ಮಗ, ಸೊಸಿ, ಓಣಿ ಮಂದೆಲ್ಲ ಇವತ್ತ ಹೋಗೋರಿದ್ರು. ನಾ ಹೇಳ್ದೆ, ನೀರ ಸಿಕ್ಕದ, ಗಂಟ ಬಿಚ್ಚರಿ ಅಂತ. ಬಿಚ್ಚ್ಯಾರ."

ಗೋರಖನಾಥನ ಕೈಯ ತುತ್ತು ಡಬ್ಬಿಗೆ ಬಿತ್ತು. ತನ್ನ ಒಂದು ಸುಳ್ಳಿಗೆ ಊರವರು ಗಂಟು ಬಿಚ್ಚಿದ್ದಾರೆ. ಅವನು ಹೆದರುಪುಕ್ಕಲ ನಿಜ, ಕೆಟ್ಟವನಲ್ಲ. ಬದಲಿ ಹಾಳಾಗಿ ಹೋಗಲಿ ಎಂದು ಗಟ್ಟಿ ಮನಸ್ಸು ಮಾಡಿದ.

"ಕೇಳ್ರಿ ಎಲ್ಲಾರೂ. ನನಗ ನೀರು ಗೊತ್ತಿಲ್ಲ, ಏನೂ ಗೊತ್ತಿಲ್ಲ. ನಾ ಆಟ ಆಡ್ಲತ್ತಿದ್ದೆ. ಅದು ಬಾಂಬಿನ ಆಟ. ಖರೇ ಹೇಳ್ತೇನಿ, ನನ್ನ ಮಗಳ ಆಣಿ!"

ಮಂದಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ನಕ್ಕರು.

"ಸರ್ಕಾರದವ್ರ ಹಿಂಗೇ ಹೇಳ್ತಾರ" ಎಂದ ಒಬ್ಬ. "ಬಾಜೂ ಊರವ್ರಿಗಿ ತೋರಸ್ಲಾಕ ಇಟ್ಕೊಂಡಾರ."

"ಬಾಂಬಂತ, ಬಾಂಬ! ಔರಾದದಾಗ ಬಾಂಬ ಯಾರ ಇಡ್ತಾರಪಾ?" ಎಂದ ಇನ್ನೊಬ್ಬ.

ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರು ಎನ್ನುತ್ತಾರೆ. ಇಲ್ಲಿ ಒದೆಯಲಿಲ್ಲ, ಎತ್ತಿ ಜೀಪಿನಲ್ಲಿ ಕೂರಿಸಿದರು. ಫಕ್ರೋದ್ದೀನ ಓಡಿ ಹೋಗಿ ಸಾಹೇಬರ ಬಾಗಿಲು ತಟ್ಟಿ ಅಪ್ಪಣೆ ಕೇಳಿದ. ಒಳಗಿನಿಂದಲೇ, "ಕರ್ಕೊಂಡ ಹೋಗ್ರಿ, ಖರೇ ತಕರಾರು ಬರಬಾರದು" ಎಂಬ ಉತ್ತರ ಬಂತು. ಫಕ್ರೋದ್ದೀನನೂ ಜೀಪಿಗೆ ನೇತುಬಿದ್ದ.

ಜೋಗನವಾಡಿಯಲ್ಲಿ ಎರಡು ಪಕ್ಷ. ಇಂಜಿನಿಯರನ ಕೆಂಪು ಬಾವುಟ ಶಾಲೆಯ, ಊರವರ ಬಾಯಲ್ಲಿ ಸಾಲಿಯ, ಗೋಡೆಯ ಹತ್ತಿರ ಇತ್ತು. ಆದರೆ ಅಂಗೈ ಮೇಲೆ ತೆಂಗಿನಕಾಯಿ ಇಟ್ಟು ನಡೆದು ನೀರು ತೋರಿಸುವ ಪಂಢರಿಯ ಕಾಯಿ ಎದ್ದು ನಿಂತದ್ದು ಹನುಮಂತನ ಗುಡಿಯ ಹಿಂದೆ. ಸಾಲಿಯವರು ಗುಡಿಯಲ್ಲಿ ಬೇಡ ಎನ್ನುತ್ತಾರೆ, ಗುಡಿಯವರು ಸಾಲಿಯಲ್ಲಿ ಬೇಡ ಎನ್ನುತ್ತಾರೆ. ಕೊರೆಯುವ ಗಾಡಿಯವನು ಜಗಳ ಮುಗಿಯಲಿ ಎಂದು ಗಾಡಿಯ ಕೆಳಗೆ ಮಲಗಿ ನಿದ್ದೆ ಹೊಡೆಯುತ್ತಿದ್ದ.

ಪಂಢರಿ ಮೀಸೆ ತಿರುವುತ್ತ ಎದುರು ಬಂದ. "ನಮ್ಮಪ್ಪ, ನಮ್ಮಜ್ಜ ಎಲ್ಲಾರೂ ಕಾಯಿ ಹಿಡಿದವರು. ನಿಮ್ಮ ಮಿಷಿನಕ್ಕ ಅಪ್ಪ ಯಾರರಿ?"

"ನನಗ ಗೊತ್ತಿಲ್ಲಪಾ. ನೀನೇ ತೋರ್ಸು, ನಾ ಹೋಗ್ತೇನಿ" ಎಂದು ಗೋರಖನಾಥ ತಿರುಗಿದ. ತಿರುಗಿದರೆ ಹಿಂದೆ ಇಡೀ ಊರು. ಹುಣಸೆಮರದ ಕೆಳಗೆ ಬಿಚ್ಚಿದ ಗಂಟುಗಳು, ಅವುಗಳ ಮೇಲೆ ಕೂತ ಹೆಂಗಸರು, ಕಂಕುಳಲ್ಲಿ ಕೂಸುಗಳು. ಲಾರಿಯವನು ಹಾರ್ನ್ ಮೇಲೆ ಹಾರ್ನ್ ಹೊಡೆಯುತ್ತಿದ್ದ. ಶಾಲುಬಾಯಿ ಒಂದು ಕೋಲಿಗೆ ಕೆಂಪು ಕುಪ್ಪಸದ ಚೂರು ಕಟ್ಟಿ ಅವನ ಕೈಗಿಟ್ಟಳು.

"ಮಾಸ್ತರ, ಝಂಡಾ ಹಚ್ಚರಿ."

ಸಾಲಿಯ ಕಡೆ ಹೆಜ್ಜೆ ಇಟ್ಟರೆ ಗುಡಿಯವರು ಗುರ್ ಎಂದರು. ಗುಡಿಯ ಕಡೆ ತಿರುಗಿದರೆ ಸಾಲಿಯವರು ತೋಳು ಏರಿಸಿದರು. ಯಾವ ಕಡೆ ಹೋದರೂ ಇನ್ನೊಂದು ಕಡೆಯವರ ತಕರಾರು ಸಂಜೆಯೊಳಗೆ ಸಾಹೇಬರ ಮುಂದೆ. ಗೋರಖನಾಥ ಇಷ್ಟು ವರ್ಷ ಸರ್ಕಾರಿ ಕೆಲಸದಲ್ಲಿ ಕಲಿತ ವಿದ್ಯೆಯನ್ನೆಲ್ಲ ಕೂಡಿಸಿದ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಸಾಲಿಗೂ ಗುಡಿಗೂ ಸರಿಯಾಗಿ ನಡುವೆ, ಕೋಳಿಗಳು ಕೆದರುತ್ತಿದ್ದ ತಿಪ್ಪೆಯ ಪಕ್ಕದಲ್ಲಿ ಕೋಲು ನೆಟ್ಟು ಕಣ್ಣು ಮುಚ್ಚಿಕೊಂಡ.

ಕೊರೆಯುವ ಗಾಡಿ ಗರ್ಜಿಸಿತು. ಬೂದಿಯಂಥ ಧೂಳು ಎದ್ದು ಗೋರಖನಾಥನ ಮೇಲೆ, ಫಕ್ರೋದ್ದೀನನ ಮೇಲೆ, ಪಂಢರಿಯ ಮೀಸೆಯ ಮೇಲೆ ಒಂದೇ ಸಮನೆ ಬಿತ್ತು. ಕೊಳವೆಯ ಮೇಲೆ ಕೊಳವೆ ಇಳಿಯಿತು. ಧೂಳು, ಬರೀ ಧೂಳು. ಲಾರಿಯವನು ಇಂಜಿನ್ ಶುರು ಮಾಡಿದ. ಶಾಲುಬಾಯಿಯ ಮಗ ಮಾತಿಲ್ಲದೆ ಗಂಟು ಮತ್ತೆ ಕಟ್ಟತೊಡಗಿದ. ಗೋರಖನಾಥನಿಗೆ ಅಳು ಬಂತು. ವರ್ಷವಿಡೀ ಆಟದಲ್ಲಿ ಎಷ್ಟೋ ಬಾಂಬುಗಳ ಮೇಲೆ ಕಾಲಿಟ್ಟಿದ್ದ, ಆಗೆಲ್ಲ ಸತ್ತದ್ದು ಬರೀ ಆಟ.

ಅಷ್ಟರಲ್ಲಿ ಧೂಳಿನ ಬಣ್ಣ ಬದಲಾಯಿತು. ಹಸಿ ಮಣ್ಣಿನ ವಾಸನೆ ಬಂತು. ಕೆಸರು ಉಗುಳಿತು, ಆಮೇಲೆ ನೀರು. ಆಕಾಶಕ್ಕೆ ಚಿಮ್ಮುವಷ್ಟೇನಲ್ಲ, ಆದರೆ ಕುಡಿಯಲು ಕೊಡ ತುಂಬುವಷ್ಟು ಧಾರಾಳವಾಗಿತ್ತು. ಹೆಂಗಸರು ಕೊಡ ತರಲು ಓಡಿದರು. ಲಾರಿಯವನು ಬೈದುಕೊಂಡು ಖಾಲಿ ಲಾರಿ ತಿರುಗಿಸಿದ. ಶಾಲುಬಾಯಿ ಒದ್ದೆ ಕೈ ತಂದು ಗೋರಖನಾಥನ ತಲೆಯ ಮೇಲಿಟ್ಟಳು, ಅವನು ಅತ್ತೇಬಿಟ್ಟ.

ಜಗಳ ಮಾತ್ರ ನಿಲ್ಲಲಿಲ್ಲ. "ನಮ್ಮ ಝಂಡಾದ ಹತ್ತರೇ ಬಂತು" ಎಂದು ಸಾಲಿಯವರು. "ಕಾಯಿ ಈ ಕಡೇನೇ ವಾಲಿತ್ತು, ನಾ ಮೊದಲೇ ಹೇಳಿದ್ನಿ" ಎಂದು ಪಂಢರಿ. ತನ್ನನ್ನು ಯಾರೂ ಕೇಳುವವರಿಲ್ಲದ್ದು ಗೋರಖನಾಥನಿಗೆ ಹಿಡಿಸಿತು. ಎರಡೂ ಪಕ್ಷಕ್ಕೆ ಖುಷಿ, ತಕರಾರು ಒಂದೂ ಇಲ್ಲ. ಈಗ ಹೊರಟರೆ ಸಹಿ, ಸಹಿಯಾದರೆ ಬಸ್ಸು.

ಆದರೆ ಶಾಲುಬಾಯಿ ಬಿಡಲಿಲ್ಲ. "ನಿಮ್ಮ ಸಾಹೇಬ್ರ ಮುಂದ ನಾಕ ಛಲೋ ಮಾತ ಹೇಳ್ತೇನಿ" ಎಂದು ಜೀಪು ಹತ್ತಿ ಬಂದಳು. ಸಾಹೇಬರ ಕೋಣೆಗೆ ನುಗ್ಗಿ ಎಲ್ಲವನ್ನೂ ವರ್ಣಿಸಿದಳು.

"ಇಂಥಾ ಮನಷ್ಯಾನ ನಾ ನೋಡಿಲ್ರಿ ಸಾಹೇಬ್ರ. ಒಂಚೂರೂ ಗರ್ವ ಇಲ್ಲ. ಕೇಳಿದ್ರ, ನಾ ಆಟ ಆಡ್ಲತ್ತಿದ್ದೆ ಅಂತಾರ! ಚೌಕ ಚೌಕದಾಗ ಕೆಂಪ ಝಂಡಾ, ನೀಲಿ ಅಂಕಿ, ಮ್ಯಾಲ ನಗೋ ಹಳದಿ ಮಾರಿ. ನಾ ಕಣ್ಣಾರೆ ನೋಡೀನ್ರಿ."

ಸಾಹೇಬರ ಮುಖದ ನಗು ನಿಧಾನವಾಗಿ ಇಳಿಯಿತು. ಮುದುಕಿಗೆ ಕೈಮುಗಿದು ಕಳಿಸಿದರು. ಎದ್ದು ಬಾಗಿಲಿನ ಅಗುಳಿ ಹಾಕಿದರು.

"ಗೋರಖನಾಥ, ಖರೇ ಹೇಳ್ರಿ. ಆಟ ಆಡ್ಲತ್ತಿದ್ರಿ?"

"ಹೌದ್ರಿ. ತಪ್ಪಾತ್ರಿ ಸಾಹೇಬ್ರ."

"ಯಾವುದು? ಬಾಂಬಿಂದು?"

"ಹೌದ್ರಿ."

"ಹಳದಿ ಮಾರಿ ನಕ್ಕಿತ್ತಂದ್ಳು. ಕಪ್ಪ ಚಷ್ಮಾ ಹಾಕಿತ್ತೇನು?" ಸಾಹೇಬರು ಅವನ ಹತ್ತಿರ ಬಾಗಿದರು. "ದೊಡ್ಡ ಆಟ?"

ಗೋರಖನಾಥ ತಲೆ ಆಡಿಸಿದ. ಸಾಹೇಬರು ತಮ್ಮ ಮೇಜಿನ ಕಂಪ್ಯೂಟರನ್ನು ಅವನ ಕಡೆ ತಿರುಗಿಸಿದರು. ಅದೇ ಚೌಕಗಳು, ಅದೇ ಬಾವುಟಗಳು, ಒಂದು ಮೂಲೆಯಲ್ಲಿ ನಿಂತುಹೋದ ಆಟ.

"ವರ್ಷಾತ್ರಿ. ಫೈಲ ನೋಡ್ತಾರ ಅಂತ ಮಂದಿ ತಿಳಕೊಂಡಾರ. ಒಮ್ಮಿನೂ ಗೆದ್ದಿಲ್ಲ. ಈ ಮೂಲ್ಯಾಗ ಬಂದು ಸಾಯ್ತೇನಿ."

ಗೋರಖನಾಥನಿಗೆ ಹೋದ ಜೀವ ಬಂತು. ಬದಲಿ ಕಾಗದ ಅಲ್ಲೇ ಮೇಜಿನ ಮೇಲಿತ್ತು, ಪೆನ್ನೂ ಇತ್ತು. ಸಾಹೇಬರನ್ನು ಖುಷಿಪಡಿಸಲು ಇದಕ್ಕಿಂತ ಒಳ್ಳೆಯ ಗಳಿಗೆ ಯಾವುದು? ಕುರ್ಚಿ ಎಳೆದು ಕೂತ. ಅಂಕಿ ಎಣಿಸಿದ, ಬಾವುಟ ನೆಟ್ಟ, ಒಂದೊಂದೇ ಚೌಕ ಬಿಡಿಸಿದ. ಹಳದಿ ಮುಖ ಕನ್ನಡಕ ಹಾಕಿಕೊಂಡಿತು. ಸಾಹೇಬರು ಅವನನ್ನು ತಬ್ಬಿಕೊಂಡರು. ಕಣ್ಣಲ್ಲಿ ನೀರು.

ಗೋರಖನಾಥ ಮೆಲ್ಲಗೆ ಕಾಗದವನ್ನು ಮುಂದೆ ಸರಿಸಿದ. "ಸಾಹೇಬ್ರ, ಭಾಲ್ಕಿ ಬಸ್ಸಿನ ಟೈಮ ಆತ್ರಿ."

ಸಾಹೇಬರು ಪೆನ್ನು ತೆಗೆದರು. ಕಾಗದದ ಮೇಲೆ ದುಂಡಾದ ಅಕ್ಷರದಲ್ಲಿ, 'ಸಾರ್ವಜನಿಕ ಹಿತದೃಷ್ಟಿಯಿಂದ ಸದರಿ ನೌಕರರನ್ನು ಬಿಡುಗಡೆ ಮಾಡಲು ಬರುವುದಿಲ್ಲ' ಎಂದು ಬರೆದು ಸಹಿ ಹಾಕಿದರು.

"ಸಾಹೇಬ್ರ!"

"ನೀವ ಹ್ವಾದ್ರ ನನಗ ಯಾರ ಕಲಸ್ತಾರ? ನಾಳಿಂದ ನಿಮ್ಮ ಕುರ್ಚಿ ಇದೇ ಖೋಲ್ಯಾಗ." ಅಷ್ಟು ಹೇಳಿ ಸಾಹೇಬರು ಹೊಸ ಆಟ ಶುರು ಮಾಡಿದರು. ಎರಡನೆಯ ಒತ್ತಿಗೇ ಬಾಂಬಿನ ಮೇಲೆ ಕಾಲಿಟ್ಟರು. ಪರದೆಯ ತುಂಬ ಬಾಂಬುಗಳು ಎದ್ದವು. ಹೊರಗೆ ಭಾಲ್ಕಿಯ ಬಸ್ಸು ಹಾರ್ನ್ ಹೊಡೆದು ಹೊರಟುಹೋಯಿತು.

ಗೋರಖನಾಥನ ಮುಖ ನೋಡಿ ಸಾಹೇಬರಿಗೆ ಪಾಪ ಎನಿಸಿರಬೇಕು. ಅವನ ಹೆಗಲ ಮೇಲೆ ಕೈಯಿಟ್ಟು ಸಮಾಧಾನ ಹೇಳಿದರು.

"ಫಿಕರ್ ಮಾಡಬ್ಯಾಡ್ರಿ, ಸಾವಕಾಶ ಕಲಸ್ರಿ. ನಾ ರಿಟೈರ್ ಆಗ್ಲಾಕ ಇನ್ನ ಭಾಳ ವರ್ಷ ಅದ."