ಕುಂಬಳಕಾಯಿ ಅಳತೆಯ ಡೈಪರ್

ಮನೆಯಲ್ಲಿ ದೊಡ್ಡವರು ಅಂತ ನಾನೊಬ್ಬನೇ ಇದ್ದ ಆ ದಿನಗಳಲ್ಲಿ ನಗು ಬರುವಂಥ ಪ್ರಸಂಗಗಳು ಒಂದರ ಹಿಂದೆ ಒಂದು ನಡೆಯುತ್ತಲೇ ಇದ್ದವು. ಕೊರತೆ ಇದ್ದದ್ದು ಜೊತೆಗೆ ಕೂತು ನಗುವವರದ್ದು. ಶಿವನಸಮುದ್ರದ ಕಡೆಯ ಒಂದು ಪವರ್ ಹೌಸಿನಲ್ಲಿ ನನಗೆ ಪಾಳಿ ಕೆಲಸ. ಹೆಂಡತಿಗೆ ಪೊಲೀಸ್ ಕೆಲಸ ಸಿಕ್ಕಿ ದೂರದ ಊರಿಗೆ ತರಬೇತಿಗೆ ಹೋಗಿದ್ದಳು. ಅಲ್ಲಿಗೆ ಮಗುವನ್ನು ಕರೆದೊಯ್ಯುವಂತಿಲ್ಲ. ವರ್ಷ ತುಂಬಿದ ಮಗ, ಅರ್ಧಕ್ಕರ್ಧ ಬೀಗ ಬಿದ್ದ ಕ್ವಾರ್ಟರ್ಸು, ನಾನು. ಡ್ಯೂಟಿಗೆ ಹೋದಾಗ ಮಗುವನ್ನು ನೋಡಿಕೊಳ್ಳಲು ಎದುರು ಮನೆಯ ಅಜ್ಜಿ. ನನಗಿದ್ದ ಭಯ ಒಂದೇ: ಹೆಂಡತಿ ವಾಪಸ್ ಬರುವಷ್ಟರಲ್ಲಿ ಮಗ ಅವಳ ಮುಖ ಮರೆತುಬಿಟ್ಟರೆ?

ಅಳತೆ

ಪ್ಯಾಕೆಟ್ಟಿನ ಡೈಪರ್ ಹಾಕಿದರೆ ಮಗನ ತೊಡೆಯೆಲ್ಲ ಕೆಂಪಗೆ ಗುಳ್ಳೆ ಏಳುತ್ತಿತ್ತು. ಒಗೆದು ಹಾಕುವ ಬಟ್ಟೆ ಡೈಪರೇ ವಾಸಿ ಅಂತ ಮಳವಳ್ಳಿಯ ಮಕ್ಕಳ ಬಟ್ಟೆ ಅಂಗಡಿಗೆ ಫೋನು ಮಾಡಿದೆ. ಸೊಂಟದ ಅಳತೆ ತನ್ನಿ ಅಂದರು. ಟೇಪು ಹಿಡಿದು ಮಗನ ಹತ್ತಿರ ಹೋದೆ. ಅಜ್ಜಿ ಬಂದು ಟೇಪು ಕಿತ್ತುಕೊಂಡರು.

"ಕೂಸ್ನ ಅಳತೆ ತಗೀಬಾರ್ದು ಕಣಪ್ಪ. ಅಷ್ಟಕ್ಕೇ ನಿಂತೋಯ್ತದೆ."

ಶೀತ ಆಗಿದ್ದ ಮಗುವನ್ನು ಬಸ್ಸಿನಲ್ಲಿ ಕರೆದೊಯ್ಯಲೂ ಅವರು ಬಿಡಲಿಲ್ಲ. ದಾರಿಯನ್ನೂ ಅವರೇ ತೋರಿಸಿದರು. ಹಿತ್ತಲಲ್ಲಿ ಬಿಟ್ಟಿದ್ದ ಕುಂಬಳಕಾಯಿಗಳನ್ನು ಒಂದೊಂದಾಗಿ ತಬ್ಬಿ ನೋಡಿ, ಮಧ್ಯೆ ಮಧ್ಯೆ ಮಗನನ್ನೂ ತಬ್ಬಿ, ಕೊನೆಗೆ ಒಂದನ್ನು ಕಿತ್ತು ಕೊಟ್ಟರು. ಅಂಗಡಿಯವನು ಏನೂ ವಿಚಾರಿಸದೆ ಕುಂಬಳಕಾಯಿಗೆ ಆನೆ ಚಿತ್ರದ ಡೈಪರ್ ಸುತ್ತಿ, ಟಿಚ್ ಬಟನ್ ಒತ್ತಿ, ಮೊದಲ ಸಾಲಿಗೆ ಸರಿ ಹೋಯ್ತು, ಬೆಳೆದಂತೆ ಸಾಲು ಬದಲಿಸುತ್ತಾ ಹೋಗಿ, ಮೂರು ವರ್ಷದವರೆಗೆ ಚಿಂತೆಯಿಲ್ಲ ಅಂದ. ಆಮೇಲೆ ತಡೆಯಲಾರದೆ, ಮಗು ಯಾರ ಥರ ಅಂತ ಕೇಳಿದ.

ವಾಪಸ್ ಬರುವಾಗ ಬಸ್ಸು ತುಂಬಿತ್ತು. ಡೈಪರ್ ತೊಟ್ಟ ಕುಂಬಳಕಾಯಿಯನ್ನು ಟವೆಲ್ಲಿನಲ್ಲಿ ಸುತ್ತಿ ಎದೆಗೆ ಒತ್ತಿಕೊಂಡು ನಿಂತಿದ್ದೆ. ಒಬ್ಬ ಹೆಂಗಸು ಎದ್ದು, ಕೂಸು ಎತ್ತಿಕೊಂಡಿದ್ದೀರಿ ಕೂತ್ಕಳಿ ಅಂದಳು. ಕೂತೆ. ಇಳಿಯುವವರೆಗೂ ಕುಂಬಳಕಾಯಿಯ ಬೆನ್ನು ತಟ್ಟುತ್ತಲೇ ಇರಬೇಕಾಯಿತು.

ಪವರ್ ಹೌಸಿನ ಬಿಸಿಗಾಳಿ

ಮಳೆ ಹಿಡಿದುಕೊಂಡಿತು ಅಂದರೆ ಡೈಪರ್ ಒಣಗುವುದಿಲ್ಲ. ಒದ್ದೆ ಡೈಪರುಗಳನ್ನು ಊಟದ ಚೀಲದಲ್ಲಿಟ್ಟುಕೊಂಡು ಡ್ಯೂಟಿಗೆ ಹೋದೆ. ಮೆಷಿನ್ ಹಾಲಿನ ಹಿಂದೆ ಬಿಸಿಗಾಳಿ ಬರುವ ಓಣಿಯೊಂದಿದೆ, ಅಲ್ಲಿ ಹಗ್ಗ ಕಟ್ಟಿದೆ. ಅವತ್ತೇ ಮೇಲಿನ ಸಾಹೇಬರು ತಪಾಸಣೆಗೆ ಬಂದರು. ಸಾಲಾಗಿ ನೇತಾಡುವ ಆನೆ, ಬಾತುಕೋಳಿಗಳನ್ನು ನೋಡಿ ಇದೇನು ಅಂದರು. ಪಕ್ಕದಲ್ಲಿದ್ದ ಸಹೋದ್ಯೋಗಿ, ಮೆಷಿನ್ ಒರೆಸುವ ಬಟ್ಟೆ ಸಾರ್, ಒಗೆದು ಒಗೆದು ಬಳಸ್ತೀವಿ ಅಂದುಬಿಟ್ಟ. ಸಾಹೇಬರಿಗೆ ಖುಷಿಯೋ ಖುಷಿ. ಇಷ್ಟು ಶುಚಿಯಾಗಿರಬೇಕು ನೋಡಿ ಅನ್ನುತ್ತಾ ಬಾತುಕೋಳಿಯದನ್ನು ಎಳೆದುಕೊಂಡು ಮುಖದ ಬೆವರು ಒರೆಸಿಕೊಂಡರು.

ಚೆನ್ನಾಗಿ ಒಗೆದಿದ್ದೆ, ಅಷ್ಟನ್ನು ಪ್ರಮಾಣ ಮಾಡಿ ಹೇಳಬಲ್ಲೆ. ಸಂಜೆ ಮನೆಗೆ ಬಂದವನಿಗೆ ಇದನ್ನು ಯಾರಿಗಾದರೂ ಹೇಳದೆ ಇರಲಾಗಲಿಲ್ಲ. ಅಜ್ಜಿ ತಮ್ಮ ಮನೆಗೆ ಹೋದ ಮೇಲೆ ಇದ್ದವನು ಮಗನೊಬ್ಬನೇ. ಅವನಿಗೇ ಅಭಿನಯ ಮಾಡಿ ಹೇಳಿದೆ. ಅವನು ಗಂಭೀರವಾಗಿ ಕೇಳಿಸಿಕೊಂಡು, ತನ್ನ ಮುಖವನ್ನೂ ಬಾತುಕೋಳಿಯಿಂದ ಒರೆಸಿಕೊಂಡ. ಅವನದು ಮಾತ್ರ ಒಗೆದದ್ದಲ್ಲ.

ಸೊರಗಿದ ಮಗ

ಮೂರು ವರ್ಷ ಬರಬೇಕಾಗಿದ್ದ ಡೈಪರುಗಳು ದೀಪಾವಳಿ ಹೊತ್ತಿಗೇ ಕೊನೆಯ ಸಾಲಿನ ಬಟನ್ನಿಗೆ ಬಂದವು. ಹುಡುಗ ಹಾಗೆ ಬೆಳೆಯುತ್ತಿದ್ದ. ತರಬೇತಿಯಲ್ಲಿ ಮೊಬೈಲ್ ಇಟ್ಟುಕೊಳ್ಳುವಂತಿರಲಿಲ್ಲ, ಭಾನುವಾರ ಅಲ್ಲಿನ ಆಫೀಸಿನ ಫೋನಿನಿಂದ ಹೆಂಡತಿ ಮಾತಾಡುತ್ತಿದ್ದಳು. ರಜೆಗೆ ಬರುವಾಗ ಡೈಪರ್ ನಾನೇ ಹೊಲಿದು ತರುತ್ತೇನೆ, ಎಷ್ಟು ಬೆಳೆದಿದ್ದಾನೆ ಹೇಳಿ ಅಂದಳು. ನಾನು ಬಾಯಿ ತೆಗೆಯುವಷ್ಟರಲ್ಲಿ ಅಜ್ಜಿ ನನ್ನ ರಟ್ಟೆ ಚಿವುಟಿದರು. ಮಗು ಮೈ ತುಂಬಿಕೊಂಡಿದೆ ಅಂತ ಬಾಯಿಬಿಟ್ಟು ಹೇಳಿದರೆ ದೃಷ್ಟಿಯಾಗುತ್ತದೆ. ಫೋನು ಕಿತ್ತುಕೊಂಡು ಅವರೇ ಹೇಳಿದರು.

"ಎಲ್ ಬೆಳ್ದವ್ನವ್ವ, ಸೊರಗೋಗವ್ನೆ. ಕಡ್ಡಿ ಅಂಗೆ ಆಗವ್ನೆ."

ಫೋನು ನನ್ನ ಕೈಗೆ ಕೊಟ್ಟರು. ಆಮೇಲೆ ಅವಳು ನನ್ನನ್ನು ಕೇಳಿದಳು: "ಹಂಗನ್ನೋದು ವಾಡಿಕೆ ಅಂತ ನಂಗೂ ಗೊತ್ತು ಕಣ್ರಿ. ಆದ್ರೂ ನಿಜ ಹೇಳಿ."

ಅಜ್ಜಿ ಕಣ್ಣು ಬಿಟ್ಟುಕೊಂಡು ಎದುರಿಗೇ ನಿಂತಿದ್ದರು. ಸ್ವಲ್ಪ ಇಳಿದಿದ್ದಾನೆ ಅಂದೆ. ಆ ಇಳಿದು ಹೋದವನು ಅದೇ ಹೊತ್ತಿಗೆ ತನ್ನ ರಾಗಿ ಸರಿ ಮುಗಿಸಿ, ಅಜ್ಜಿಯ ಮುದ್ದೆ ತಟ್ಟೆಗೆ ಕೈ ಹಾಕಿದ್ದ.

ರಜೆ

ಅವಳು ರಜೆಗೆ ಬಂದದ್ದು ಖಾಕಿಯಲ್ಲೇ. ನಮಗೆ ತೋರಿಸಬೇಕು ಅಂತ ಗರಿಗರಿಯಾಗಿ ಇಸ್ತ್ರಿ ಮಾಡಿಕೊಂಡು ಬಂದಿದ್ದಳು. ಬಾಗಿಲಲ್ಲೇ ಮಂಡಿಯೂರಿ ಎರಡೂ ಕೈ ಚಾಚಿದಳು. ಮಗ ಒಮ್ಮೆ ನೋಡಿ, ಅಜ್ಜಿಯ ಸೀರೆಯೊಳಗೆ ಮುಖ ಹುದುಗಿಸಿ ಕಿರುಚಿಕೊಂಡ. ಅವಳು ನಕ್ಕಳು. ಟೋಪಿ ತೆಗೆದು ಮತ್ತೆ ಕರೆದಳು. ಅವನು ಇನ್ನೂ ಜೋರಾಗಿ ಅತ್ತ. ಯಾವ ಭಯವನ್ನು ಇಷ್ಟು ದಿನ ಯಾರಿಗೂ ಹೇಳದೆ ನುಂಗಿಕೊಂಡಿದ್ದೆನೋ ಅದು ನಡುಮನೆಯಲ್ಲಿ ಬಂದು ಕೂತಿತ್ತು. ನನಗೆ ಅವಳ ಮುಖ ನೋಡಲಾಗಲಿಲ್ಲ.

ಅಜ್ಜಿ ಇದನ್ನೆಲ್ಲ ಲೆಕ್ಕಕ್ಕೇ ತೆಗೆದುಕೊಳ್ಳದೆ, ಮಗನ ಡೈಪರ್ ಬಿಚ್ಚಿ ಅವನನ್ನು ಅವಳ ಮಡಿಲಿಗೆ ಹಾಕಿ, ತಂದಿದ್ದನ್ನು ತೊಡಿಸಿ ನೋಡವ್ವ ಅಂದರು. ಅವಳು ಚೀಲದಿಂದ ತನ್ನ ಹಳೇ ಕಾಟನ್ ಸೀರೆ ಕತ್ತರಿಸಿ ಕೈಯಲ್ಲೇ ಹೊಲಿದಿದ್ದ ಡೈಪರ್ ತೆಗೆದಳು. ಸೊರಗಿದ ಮಗನ ಅಳತೆ. ಸುತ್ತಿ ಎಳೆದಳು, ಎರಡು ತುದಿಗಳು ಒಂದನ್ನೊಂದು ನೋಡಲೂ ಇಲ್ಲ. ಒಂದು ತೊಡೆಗಾದರೆ ಹದವಾಗಿ ಕೂರುತ್ತಿತ್ತು. ತಾನಿಲ್ಲದೆ ಇಷ್ಟೊಂದು ಬೆಳೆದುಬಿಟ್ಟನಲ್ಲ ಅಂತ ಅವಳು ಅವನ ತೊಡೆ ಸವರುತ್ತಾ ಕೂತಳು. ಕಣ್ಣು ತುಂಬಿತ್ತು.

ಅಳುತ್ತಿದ್ದವನು ತಟ್ಟನೆ ಸುಮ್ಮನಾದ. ಅವಳನ್ನೇ ನೋಡುತ್ತಾ, ಇಸ್ತ್ರಿ ಮಾಡಿದ ಖಾಕಿಯ ಮೇಲೆ ಕಾಲರಿನಿಂದ ಬೆಲ್ಟಿನವರೆಗೆ ಧಾರೆಯಾಗಿ ಹುಯ್ದ.

ನಾನು ಗಾಬರಿಯಾಗಿ ಟವೆಲ್ ಹುಡುಕಿದೆ. ಅಜ್ಜಿ ಕೂತಲ್ಲೇ ಹೇಳಿದರು: "ಗುರ್ತಿಲ್ದೋರ್ ಮ್ಯಾಲೆ ಉಯ್ಯಾಕಿಲ್ಲ ಕಣವ್ವ ಅವ್ನು. ಈಗ ಗೊತ್ತಾತು ಅವ್ನ್ಗೆ, ನೀನ್ಯಾರು ಅಂತ."

ಅವಳು ನಗುತ್ತಿದ್ದಳೋ ಅಳುತ್ತಿದ್ದಳೋ, ಮಗನನ್ನು ಮಾತ್ರ ಬಿಡಲಿಲ್ಲ. ಬಿಸಿನೀರು ಕಾಯಿಸಿದ್ದೇನೆ, ಬಟ್ಟೆ ಬದಲಿಸು ಅಂತ ಸಂಜೆವರೆಗೂ ಹೇಳಿದೆ.

"ಇರ್ಲಿ ಬಿಡ್ರಿ," ಅಂದಳು, "ಅದು ಅದಾಗೇ ಒಣಗ್ತದೆ."