ಚಾರ್ಟಿನಲ್ಲಿ ಇಲ್ಲದ ಹಕ್ಕರಕಿ

ಮಾಸ್ತರಿಕೆ ಮಾಡಿದವರಿಗೆ ಒಂದು ರೋಗ ಅಂಟಿಕೊಳ್ಳುತ್ತದೆ, ಕಂಡದ್ದಕ್ಕೆಲ್ಲ ಅಂಕ ಹಾಕುವುದು. ಮದುವೆಗೆ ಹೋದರೆ ಬುಂದೆ ಲಾಡುವಿಗೆ ಅಂಕ, ಬಸ್ಸು ಹತ್ತಿದರೆ ಡ್ರೈವರನಿಗೆ ಅಂಕ, ಬೀಗರ ಮನೆಗೆ ಹೋದರೆ ಅವರು ಕೊಟ್ಟ ಚಹಾಕ್ಕೂ ಅಂಕ. ನಾನು ರಾಣೇಬೆನ್ನೂರಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದವನು. ನನಗೆ ಈ ರೋಗ ತುಸು ಜಾಸ್ತಿಯೇ ಇತ್ತು. ಎಷ್ಟೆಂದರೆ, ಎರಡು ತೊಪ್ಪಲು ಪಲ್ಲೆಗಳಿಗೆ, ಅಂದರೆ ಸೊಪ್ಪುಗಳಿಗೆ, ಅಂಕ ಹಾಕಲು ಹೋಗಿ ಎರಡು ಸಲ, ಅದೂ ಒಂದೇ ಜಾಗದಲ್ಲಿ, ನಾಲ್ಕು ಮಂದಿಯ ಎದುರು ತಲೆ ತಗ್ಗಿಸಿ ನಿಂತೆ. ಮೊದಲನೆಯದನ್ನು ಈಗ ನಗುತ್ತ ಹೇಳಬಲ್ಲೆ. ಎರಡನೆಯದನ್ನು ಹೇಗೆ ಹೇಳುವುದೋ ನೋಡೋಣ.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಹಾವೇರಿಯಲ್ಲಿ ನಮಗೊಂದು ತರಬೇತಿ ನಡೆಯಿತು. ಮೂರು ದಿನ ಉಪ್ಪಿಟ್ಟು ತಿಂದದ್ದು ಬಿಟ್ಟರೆ ಅಲ್ಲಿ ಕಲಿತದ್ದು ಏನೂ ನೆನಪಿಲ್ಲ. ಆದರೆ ಬರುವಾಗ ಎಲ್ಲರಿಗೂ ಒಂದೊಂದು ಬಣ್ಣದ ಚಾರ್ಟು ಕೊಟ್ಟರು. ಯಾವ ಕಾಯಿಪಲ್ಲೆಯಲ್ಲಿ ಯಾವ ಸತ್ವ ಇದೆ ಎಂದು ಚಿತ್ರಸಮೇತ ತೋರಿಸುವ ಚಾರ್ಟು. ಅದು ಶಾಲೆಯ ಗೋಡೆಗೆ ಹಚ್ಚಲಿಕ್ಕೆ ಕೊಟ್ಟದ್ದು. ನಾನು ಮೈದಾಹಿಟ್ಟಿನ ಅಂಟು ಕಾಸಿ ನಮ್ಮ ಅಡಿಗೆಮನೆಯ ಗೋಡೆಗೆ ಹಚ್ಚಿದೆ. ಶಾಲೆಯ ಹುಡುಗರು ಅಡಿಗೆ ಮಾಡುವುದಿಲ್ಲವಲ್ಲ ಎಂಬುದು ನನ್ನ ಸಮಜಾಯಿಷಿ.

ಚಾರ್ಟಿನ ಮೊದಲ ಸಾಲಿನಲ್ಲೇ ಪಾಲಕ ಇತ್ತು. ದಪ್ಪ ಎಲೆ, ಕಡುಹಸಿರು, ಪಕ್ಕದಲ್ಲಿ ಕಬ್ಬಿಣ ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ನಾನು ಮೇಲಿನಿಂದ ಕೆಳಗೆ ಎರಡು ಸಲ ಹುಡುಕಿದೆ, ಹಕ್ಕರಕಿ ಎಲ್ಲಿಯೂ ಇರಲಿಲ್ಲ. ಹಕ್ಕರಕಿ ಅಂದರೆ ನಮ್ಮ ಕಡೆ ಹೊಲದ ಬದುವಿನಲ್ಲಿ ತಾನಾಗಿಯೇ ಹುಟ್ಟುವ ಒಂದು ತೊಪ್ಪಲು. ತೊಳೆದು ಹಸಿಯಾಗಿಯೇ ರೊಟ್ಟಿಯ ಜೊತೆ ಕಡಿದು ತಿನ್ನುತ್ತಾರೆ. ನನ್ನ ಹೆಂಡತಿ ಗಿರಿಜಾ ಮೋಟೆಬೆನ್ನೂರಿನವಳು. ಹಕ್ಕರಕಿ ಇದ್ದರೆ ಅವಳಿಗೆ ಹಬ್ಬ ಬೇಕಾಗಿಲ್ಲ. ನನಗೋ ಮೊದಲಿನಿಂದಲೂ ಅದು ದನದ ಮೇವು.

"ಗಿರಿಜಾ, ಇದರಾಗ ನಿನ್ನ ಹಕ್ಕರಕಿ ಎಲ್ಲೈತಿ ತೋರ್ಸು ನೋಡೂಣು" ಎಂದೆ.

ಅವಳು ರೊಟ್ಟಿ ಬಡಿಯುತ್ತ ತಲೆ ಎತ್ತಿ ನೋಡಿದಳು. "ಅದರಾಗ ರೊಟ್ಟೀನೂ ಇಲ್ಲ. ಹಂಗಂತ ನಾಳಿಂದ ರೊಟ್ಟಿ ಬಿಡ್ತೀರೇನು?"

ಉತ್ತರ ಹೊಳೆಯಲಿಲ್ಲ ಎಂದು ಸುಮ್ಮನಿರುವವನು ಮಾಸ್ತರನೇ ಅಲ್ಲ. ಪರೀಕ್ಷೆಗೆ ಬಾರದ ಹುಡುಗನಿಗೆ ಸೊನ್ನೆ, ಚಾರ್ಟಿನಲ್ಲಿ ಬಾರದ ಪಲ್ಲೆಗೂ ಸೊನ್ನೆ ಎಂದು ತೀರ್ಪು ಕೊಟ್ಟೆ. ಅಂದಿನಿಂದ ನನ್ನ ತಾಟಿಗೆ ಹಕ್ಕರಕಿ ಬರಕೂಡದು, ಪಾಲಕವೇ ಬರಬೇಕು. ಅದನ್ನಾದರೂ ಹಾಗೇ ಬಿಟ್ಟೆನೇ? ಊರ ಪಾಲಕಕ್ಕೆ ಗಟಾರದ ನೀರು ಹಾಯಿಸುತ್ತಾರೆ ಎಂದು ಸ್ಟಾಫ್ ರೂಮಿನಲ್ಲಿ ಯಾರೋ ಹೇಳಿದ್ದರು. ಹೀಗಾಗಿ ದಂಟು ತೆಗೆಯಬೇಕು, ಎಲೆಯನ್ನು ಚೆನ್ನಾಗಿ ಕುದಿಸಬೇಕು, ಬಸಿಯಬೇಕು, ಹಿಂಡಬೇಕು, ನೀರು ಚೆಲ್ಲಬೇಕು ಎಂದು ಪ್ರಯೋಗದ ವಿಧಾನ ಬರೆಸಿದಂತೆ ಬರೆಸಿದೆ. ಗಿರಿಜಾ "ಹೂಂ" ಅಂದಳು. ಅವಳ "ಹೂಂ" ಅಂದರೆ ಒಪ್ಪಿಗೆ ಅಲ್ಲ ಎಂಬುದು ಮದುವೆಯಾಗಿ ಇಪ್ಪತ್ತು ವರ್ಷವಾದರೂ ನನಗೆ ಗೊತ್ತಾಗಿರಲಿಲ್ಲ.

ಹಕ್ಕರಕಿ ತರುತ್ತಿದ್ದವಳು ಹಲಗೇರಿಯ ಹುಸೇನಬಿ. ಬುಟ್ಟಿ ಇಳಿಸಿ ನಮ್ಮ ಕಟ್ಟೆಯ ಮೇಲೆ ಕೂತು, ಗಿರಿಜಾಳ ಜೊತೆ ನಾಲ್ಕು ಮಾತಾಡಿ ಹೋಗುವ ಮುದುಕಿ. ಅವಳ ಮುಂದೆಯೂ ನಾನು ಚಾರ್ಟಿನ ವಿಷಯ ತೆಗೆದೆ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು, "ಮಾಸ್ತರ್ರ, ಇದನ್ನ ಯಾರೂ ಬಿತ್ತೂದಿಲ್ಲ, ಯಾರೂ ನೀರ ಹಾಕೂದಿಲ್ಲ. ತನ್ನಷ್ಟಕ್ಕ ತಾನ ಕಲ್ಲಾಗ ಎದ್ದು ಬರತೈತಿ. ಅಂಥಾದ್ರಾಗ ತಾಕತ್ತ ಇಲ್ದ ಇರತೈತೇನ್ರಿ?" ಅಂದಳು. ತಾಕತ್ತು ಬೇರೆ, ಪೋಷಕಾಂಶ ಬೇರೆ ಎಂದು ನಾನು ವಿವರಿಸತೊಡಗಿದಾಗ ಬುಟ್ಟಿ ತಲೆಯ ಮೇಲೆ ಇಟ್ಟುಕೊಂಡು ಹೊರಟೇ ಹೋದಳು.

ಅಷ್ಟರಲ್ಲಿ ನಮ್ಮ ಶಾಲೆಯಲ್ಲಿ ರಕ್ತದಾನ ಶಿಬಿರ ಎಂದು ಗೊತ್ತಾಯಿತು. ಊರಿನವರೂ ಬರಬಹುದು. ಒಂದು ವಾರ ಪ್ರಾರ್ಥನೆಯ ಹೊತ್ತಿನಲ್ಲಿ ನಿಂತು, ಮೊದಲ ಬಾಟಲಿ ನನ್ನದೇ ಎಂದು ಸಾರಿದೆ. ಮನೆಯಲ್ಲಿ ಪಂಥ ಬೇರೆ ಕಟ್ಟಿದೆ. ಇಬ್ಬರ ರಕ್ತವನ್ನೂ ಪರೀಕ್ಷಿಸುತ್ತಾರೆ, ನನ್ನದು ಗೆದ್ದರೆ ಹುಸೇನಬಿಯ ಬುಟ್ಟಿ ನಮ್ಮ ಕಟ್ಟೆಯ ಮೇಲೆ ಇಳಿಯಬಾರದು, ಗಿರಿಜಾಳದು ಗೆದ್ದರೆ ಚಾರ್ಟು ಗೋಡೆಯಿಂದ ಇಳಿಯಬೇಕು. "ಆತ್ ಬಿಡ್ರಿ, ಹೊಸಾ ಸೀರಿ ಉಟಗೊಂಡು ಬರ್ತೇನಿ" ಅಂದಳು.

ಅಲ್ಲಿ ಪರೀಕ್ಷೆ ಮಾಡುವ ರೀತಿ ಬಲು ಸರಳ. ಗಾಜಿನ ಲೋಟದಲ್ಲಿ ಮೈಲುತುತ್ತದ ನೀಲಿ ನೀರು. ಬೆರಳಿಗೆ ಸೂಜಿ ಚುಚ್ಚಿ ಒಂದು ಹನಿ ಅದರೊಳಗೆ ಬಿಡುತ್ತಾರೆ. ಸತ್ವವುಳ್ಳ ರಕ್ತವಾದರೆ ತಳಕ್ಕೆ ಮುಳುಗುತ್ತದೆ, ಇಲ್ಲವಾದರೆ ತೇಲುತ್ತದೆ. ಇದರ ತತ್ವವನ್ನು ಸುತ್ತ ನಿಂತ ಹತ್ತನೆಯ ಇಯತ್ತೆಯ ಹುಡುಗರಿಗೆ ನಾನೇ ವಿವರಿಸಿದೆ. ವಿವರಿಸುತ್ತಲೇ ಬೆರಳು ಮುಂದೆ ಮಾಡಿದೆ. ಹನಿ ಬಿತ್ತು. ಸ್ವಲ್ಪ ಕೆಳಗಿಳಿಯಿತು. ನಿಂತಿತು. ಏನೋ ಮರೆತು ಬಂದವರ ಹಾಗೆ ಮೆಲ್ಲಗೆ ತಿರುಗಿ ಮೇಲಕ್ಕೆ ಬಂದುಬಿಟ್ಟಿತು.

"ಇನ್ನೊಂದು ಹನಿ ಹಾಕ್ರಿ" ಎಂದೆ. ಅದೂ ತೇಲಿತು. ಹಿಂದಿನಿಂದ ಒಬ್ಬ ಹುಡುಗ, "ಸರ್, ಆರ್ಕಿಮಿಡೀಸ್ ತತ್ವಾನ್ರಿ?" ಎಂದು ಕೇಳಿದ. ಅವನಿಗೆ ಆ ವರ್ಷ ವಿಜ್ಞಾನದಲ್ಲಿ ಒಳ್ಳೆಯ ಅಂಕ ಬಂತು, ಪಬ್ಲಿಕ್ ಪರೀಕ್ಷೆ, ನನ್ನಿಂದ ಏನೂ ಮಾಡಲಾಗಲಿಲ್ಲ. ಬ್ಯಾಡಗಿ ಮೆಣಸಿನಕಾಯಿಯ ಹಾಗೆ ನನ್ನ ರಕ್ತಕ್ಕೆ ಬಣ್ಣ ಭರ್ತಿ ಇತ್ತು, ಖಾರ ಇರಲಿಲ್ಲ. ಆಮೇಲೆ ಗಿರಿಜಾ ಬೆರಳು ಕೊಟ್ಟಳು. ಅವಳ ಹನಿ ಬಾವಿಗೆ ಬಿದ್ದ ತಂಬಿಗೆಯಂತೆ ಸೀದಾ ತಳಕ್ಕೆ ಹೋಯಿತು.

ಡಾಕ್ಟರಮ್ಮ ಮೆಚ್ಚಿಕೊಂಡು, "ಏನ್ ತಿಂತೀರಿ ಅಕ್ಕಾರ?" ಎಂದು ಕೇಳಿದರು.

"ಇವರು ಬಿಟ್ಟದ್ದ ರೀ" ಅಂದಳು ಗಿರಿಜಾ.

ಎಲ್ಲರೂ ನಕ್ಕರು. ಅವಳು ನಗೆಮಾತಿಗೆ ಹೇಳಿರಲಿಲ್ಲ. ನಾನು ಉಂಡು ಎದ್ದ ಮೇಲೆ ಅವಳು ಊಟಕ್ಕೆ ಕೂಡುತ್ತಿದ್ದಳು, ಆಗ ಏನು ತಿನ್ನುತ್ತಾಳೆ ಎಂದು ನಾನು ಒಂದು ದಿನವೂ ನೋಡಿದವನಲ್ಲ. ಮನೆಗೆ ಬಂದು ಕೇಳಿದಾಗ ಒಂದೊಂದೇ ಹೊರಬಿತ್ತು. ನಾನು ಬೇಡವೆಂದ ಹಕ್ಕರಕಿ ಅವಳ ಪಾಲು. ನಾನು ತೆಗೆಸಿದ ಪಾಲಕದ ದಂಟು ಅವಳ ಪಾಲು. ಚೆಲ್ಲು ಎಂದಿದ್ದ ಆ ಬಸಿದ ನೀರಿಗೆ ಬೆಳ್ಳುಳ್ಳಿ ಒಗ್ಗರಣೆ ಕೊಟ್ಟು, ಹುಣಸೆಹಣ್ಣು ಹಿಂಡಿ ಸಾರು ಮಾಡಿಕೊಂಡು ಅದನ್ನೂ ಅವಳೇ ಉಣ್ಣುತ್ತಿದ್ದಳು. ಅಂದರೆ ಮೂರು ತಿಂಗಳು ನಾನು ತಿಂದದ್ದು ಪಾಲಕವೇ ಅಲ್ಲ, ಪಾಲಕದ ಹಿಂಡಿ.

"ಮೊದಲ ಹೇಳಬಾರದಾಗಿತ್ತ?" ಎಂದು ರೇಗಿದೆ.

"ನನ್ನ ಕೇಳಿದ್ರ ಹೇಳ್ತಿದ್ದೆ. ನೀವು ಚಾರ್ಟನ್ನ ಕೇಳಿದ್ರಿ."

ಚಾರ್ಟು ಇಳಿಯಿತು. ನಾನು ಸೋತದ್ದನ್ನು ಒಪ್ಪಿಕೊಂಡೆ, ಆದರೆ ವಿಜ್ಞಾನದ ಮಾಸ್ತರನಾಗಿಯೇ ಒಪ್ಪಿಕೊಂಡೆ. ಪ್ರಯೋಗದಿಂದ ತಿಳಿದುಬಂದದ್ದೇನು? ಸತ್ವವೆಲ್ಲ ನಾನು ಬಿಟ್ಟದ್ದರಲ್ಲಿ ಇದೆ. ಹಾಗಾದರೆ ಮುಂದೆ ಮಾಡಬೇಕಾದ್ದೇನು? ಏನನ್ನೂ ಬಿಡಬಾರದು. ಮರುದಿನದಿಂದಲೇ ಹಕ್ಕರಕಿ ನನ್ನ ತಾಟಿಗೆ ಬಂತು. ದಂಟೂ ಬಂತು. ಬಸಿದ ನೀರಿನ ಸಾರು ಎಂಥ ರುಚಿ ಅನ್ನುತ್ತೀರಿ! ಇಷ್ಟು ದಿನ ಇದನ್ನು ಒಬ್ಬಳೇ ಉಂಡಳಲ್ಲ ಎಂದು ಹೊಟ್ಟೆ ಉರಿಯಿತು. ಪಾತ್ರೆ ಬಗ್ಗಿಸಿ ಬಗ್ಗಿಸಿ ಕುಡಿದೆ. ಹುಸೇನಬಿ ಒಂದು ದಿನ, "ಮಾಸ್ತರ್ರ, ಇಬ್ಬರಿಗೆ ಒಂದ ಸಿವುಡು ಸಾಕಾಕೈತೇನ್ರಿ? ಎರಡ ತಗೋರಿ" ಅಂದಳು. ಅತಿಯಾದರೆ ಅಮೃತವೂ ವಿಷ, ಒಂದು ಕಟ್ಟು ಸಾಕು ಎಂದು ಗಾದೆ ಹೇಳಿ ಕಳಿಸಿದೆ. ಮುದುಕಿ ಒಳಗೆ ಅಡಿಗೆಮನೆಯ ಕಡೆ ಒಮ್ಮೆ ನೋಡಿ ಬುಟ್ಟಿ ತಲೆಗೇರಿಸಿದಳು. ವ್ಯಾಪಾರದ ಆಸೆ ಎಂದುಕೊಂಡೆ.

ಮುಂದಿನ ವರ್ಷ ಮತ್ತೆ ಶಿಬಿರ ಬಂತು. ಅದೇ ಕೋಣೆ, ಅದೇ ನೀಲಿ ನೀರು, ಅದೇ ಡಾಕ್ಟರಮ್ಮ. ಈ ಸಲ ತತ್ವ ಗಿತ್ವ ಏನೂ ವಿವರಿಸದೆ ಬೆರಳು ಕೊಟ್ಟೆ. ನನ್ನ ಹನಿ ಮುಳುಗಿತು! ಹುಡುಗರು ಚಪ್ಪಾಳೆ ತಟ್ಟಿದರು. ನಾನು ಗೆದ್ದ ಮುಖ ಮಾಡಿಕೊಂಡು ಗಿರಿಜಾಳನ್ನು ಮುಂದೆ ಕರೆದೆ. ಅವಳ ಹನಿ ಬಿತ್ತು. ಸ್ವಲ್ಪ ಇಳಿಯಿತು. ನಿಂತಿತು. ಮೆಲ್ಲಗೆ ಮೇಲಕ್ಕೆ ಬಂತು.

ಚಪ್ಪಾಳೆ ನಿಂತುಹೋಯಿತು. ಡಾಕ್ಟರಮ್ಮ ಇನ್ನೊಂದು ಹನಿ ಹಾಕಿ ನೋಡಿದರು. ಅವಳ ಕಣ್ಣಿನ ಕೆಳರೆಪ್ಪೆ ಜಗ್ಗಿ ನೋಡಿದರು. "ಹೋದ ವರ್ಷ ಚಲೋ ಇತ್ತಲ್ರಿ ಅಕ್ಕಾರ. ಈ ವರ್ಷ ಏನ್ ತಿಂದ್ರಿ?"

"ಹೋದ ವರ್ಷದ್ದ ರೀ, ಇವರು ಬಿಟ್ಟದ್ದು" ಎಂದು ಗಿರಿಜಾ ಬೆರಳಿಗೆ ಹತ್ತಿ ಒತ್ತಿಕೊಂಡು ನಕ್ಕಳು. "ಖರೇ ಹೇಳಬೇಕಂದ್ರ, ಈ ವರ್ಷ ಏನೂ ಬಿಡಲಿಲ್ಲ."

ಆ ಕೋಣೆಯಲ್ಲಿ ಯಾರೂ ನಗಲಿಲ್ಲ. ನನಗಂತೂ ಭೂಮಿ ಬಾಯಿ ಬಿಡಬಾರದೇ ಅನಿಸಿತು. ಒಂದು ವರ್ಷ, ದಿನಾ ಎರಡು ಹೊತ್ತು, ನಾನು ಎದ್ದ ಮೇಲೆ ಆ ಹೆಂಗಸು ಬರಿದಾದ ಪಾತ್ರೆ ನೋಡಿ, ರೊಟ್ಟಿಗೆ ಖಾರ ಹಚ್ಚಿಕೊಂಡು ಉಂಡು ಎದ್ದಿದ್ದಳು. ನನ್ನ ರಕ್ತ ಯಾರ ತಾಟಿನಿಂದ ಬಂದದ್ದು ಎಂದು ತಿಳಿಯಲು ಮೈಲುತುತ್ತದ ನೀರೇ ಬೇಕಾಯಿತು.

ಡಾಕ್ಟರಮ್ಮ ಕೊಟ್ಟ ಗುಳಿಗೆ ಜೇಬಿಗೆ ಹಾಕಿಕೊಂಡು ಮನೆಗೆ ಬಂದೆವು. ಅಂದು ಹಕ್ಕರಕಿ ಎರಡು ಸಿವುಡು ಕೊಂಡೆ, ನಾನೇ ತೊಳೆದೆ. ಎರಡು ತಾಟಿಗೆ ರೊಟ್ಟಿ ಹಾಕಿ ಎದುರುಬದುರು ಇಟ್ಟೆ. ಗಿರಿಜಾ ಬಾಗಿಲಲ್ಲಿ ನಿಂತು ನೋಡಿ, "ಇದೇನ್ರೀ ಇದು, ಯಾವ ಚಾರ್ಟಿನಾಗ ಐತಿ?" ಎಂದು ಕೇಳಿದಳು.

"ಸುಮ್ನ ಬಾ, ಕುಂದ್ರು. ಇವತ್ತಿಂದ ಇಬ್ಬರೂ ಕೂಡೇ ಉಣ್ಣೂಣು" ಎಂದೆ.

ಅವಳು ಕೈ ತೊಳೆದುಕೊಂಡು ಬರುತ್ತೇನೆಂದು ಹಿತ್ತಲಿಗೆ ಹೋದಳು. ತಿರುಗಿ ಬಂದು ಎದುರಿಗೆ ಕೂಡುವಷ್ಟರಲ್ಲಿ ನನ್ನ ತಾಟಿನಲ್ಲಿ ಅರ್ಧ ರೊಟ್ಟಿ ಖಾಲಿಯಾಗಿತ್ತು.